ಮೋನಾಚಾರಿಯ ಗಟ್ಟಿಮೇಳ ವಿಜಯ

ಸ್ವಿಚ್ಚಿನಲ್ಲಿ ಸುಪ್ತಳಾಗಿ, ತಂತಿಯಲ್ಲಿ ಸಂಚಾರಿಣಿಯಾಗಿ, ಬಲ್ಬಿನಲ್ಲಿ ಪ್ರಸನ್ನಳಾಗಿ, ತಿಂಗಳ ಕೊನೆಗೆ ಬಿಲ್ಲಿನಲ್ಲಿ ಉಗ್ರಳಾಗಿ ದರ್ಶನ ಕೊಡುವ ಹೇ ವಿದ್ಯುದ್ದೇವಿ, ಈ ಕಥೆ ಮುಗಿಯುವ ತನಕ ದಯವಿಟ್ಟು ಹೋಗಬೇಡ. ಅರ್ಧಕ್ಕೆ ಎದ್ದುಹೋಗುವ ನಿನ್ನ ಗುಣ ನಮಗೆಲ್ಲ ಗೊತ್ತಿದ್ದದ್ದೇ. ಕೃತಯುಗದಲ್ಲಿ ಶಂಖದ ಧ್ವನಿ ಬೇಕೆಂದರೆ ಶಂಖವನ್ನೇ ಊದಬೇಕಿತ್ತು. ತ್ರೇತೆಯಲ್ಲಿ ವೀಣೆಯ ಧ್ವನಿ ಬೇಕೆಂದರೆ ವೀಣೆಯನ್ನೇ ಮೀಟಬೇಕಿತ್ತು. ದ್ವಾಪರದಲ್ಲಿ ಕೊಳಲಿಗೆ ಕೊಳಲೇ ಗತಿ. ಊದದೆ, ಮೀಟದೆ, ಬಡಿಯದೆ, ಒಂದು ಗುಂಡಿ ಒತ್ತಿ ಒಂದು ತಿರುಗಣೆ ತಿರುವಿದರೆ ಸಕಲ ವಾದ್ಯಗಳೂ ಒಂದೇ ಪೆಟ್ಟಿಗೆಯಿಂದ ಹೊರಡುವ ಭಾಗ್ಯವನ್ನು ಬ್ರಹ್ಮದೇವನು ಕಲಿಯುಗಕ್ಕೆಂದೇ ಎತ್ತಿಟ್ಟಿದ್ದನು. ಆ ಪೆಟ್ಟಿಗೆಗೆ ಸಿಂಥಸೈಜರ್ ಎಂದು ಹೆಸರು. ಅದನ್ನು ಪಳಗಿಸಹೊರಟ ವೀರನ ಕಥೆ ಇದು.

ಆ ವೀರನಾದರೋ, ಕಪ್ಪುಬಿಳುಪು ಮನೆಗಳ ಮೇಲೆ ದಶಾಂಗುಲಿಗಳ ಸೇನೆಯನ್ನು ನಡೆಸುವ ಸ್ವರಸಾಮ್ರಾಜ್ಯಧುರಂಧರ, ಆರತಕ್ಷತೆರಂಗಭೈರವ, ವೈರುಜಾಲಮಧ್ಯವಿಹಾರಿ, ಎಂಥ ಸೆಕೆಯಲ್ಲೂ ಮಿರುಗುವ ಕೋಟನ್ನು ಬಿಚ್ಚದ ಮೋನಾಚಾರಿ. ಅರಸೀಕೆರೆಯ ರೈಲ್ವೆ ಗೇಟಿನಾಚೆಯ ಕಲ್ಯಾಣಮಂಟಪವೊಂದರಲ್ಲಿ ಭಾನುವಾರದ ಆರತಕ್ಷತೆಗೆ ಅವನ ವಾದನ, ಅವನ ಧರ್ಮಪತ್ನಿ ರತ್ನಮಾಲಾಳ ಗಾಯನ. ನೆಂಟರು ಐಸ್‌ಕ್ರೀಮು ತಿನ್ನುತ್ತಲೇ ತಲೆದೂಗಿದರು. ತಲೆದೂಗದವರು ಒಬ್ಬರೇ. ಅವರು ಮದುಮಗಳ ಸೋದರಮಾವ ಸಿಂಗ್ರೀಗೌಡರು, ಮೀಸೆಯಿಂದಲೇ ಅರ್ಧ ಮಾತಾಡುವವರು. ವೇದಿಕೆಯ ಬಳಿ ಬಂದು, ಸಿಂಥಸೈಜರನ್ನು ಸಂತೆಯಲ್ಲಿ ಎತ್ತು ನೋಡುವಂತೆ ಸುತ್ತಲೂ ನೋಡಿ, "ಎಲ್ಲಾ ಚೆನ್ನಾಗೈತೆ ಕಣಯ್ಯ, ಆದ್ರೆ ಏನ್ ಒತ್ತಿದ್ರೂ ಒಂದೇ ತರ ಕುಯ್ಯೋ ಅಂತದೆ" ಅಂದುಬಿಟ್ಟರು. ಆ ಮಾತು ಮೋನಾಚಾರಿಯ ಎದೆಯಲ್ಲಿ ಮುಳ್ಳಾಗಿ ಮುರಿದು ಉಳಿಯಿತು. ಆ ರಾತ್ರಿ ಅವನಿಗೆ ಮೊಸರನ್ನವೂ ಸೇರಲಿಲ್ಲ.

ಸೋಮವಾರ ಬೆಳಗಾಯಿತು. ಬೆಳಗಾದೊಡನೆ ಸುದ್ದಿ ಬಂತು: ಧಾರೆಗೆ ಊದಲು ಬಾಣಾವರದಿಂದ ಹೊರಟಿದ್ದ ವಾಲಗದವರ ವ್ಯಾನು ದಾರಿಯಲ್ಲೇ ಕೆಟ್ಟು ನಿಂತಿದೆ. ವಾಲಗವಿಲ್ಲದ ಮದುವೆ ಉಂಟೇ? ತಾಳಿ ಕಟ್ಟುವ ಕ್ಷಣದಲ್ಲಿ ಪುರೋಹಿತರು ತೋರುಬೆರಳಾಡಿಸಿ "ಗಟ್ಟಿಮೇಳ!" ಎಂದು ಕೂಗಿದಾಗ ನಾಗಸ್ವರವೂ ಡೋಲೂ ಒಟ್ಟಿಗೆ ಭೋರ್ಗರೆಯಬೇಕು, ಸೀನು, ಕೆಮ್ಮು, ಅಪಶಕುನದ ಮಾತು ಎಲ್ಲವೂ ಆ ಗದ್ದಲದಲ್ಲಿ ಮುಳುಗಿಹೋಗಬೇಕು. ಆ ಮನೆತನದಲ್ಲಿ ವಾಲಗದ ಉಸ್ತುವಾರಿ ಸೋದರಮಾವನದು. ಸಿಂಗ್ರೀಗೌಡರು ಒಂದು ಕಿವಿಗೆ ಫೋನು, ಇನ್ನೊಂದು ಕಿವಿಗೆ ಬೆರಳು ಇಟ್ಟುಕೊಂಡು ಅಂಗಳವನ್ನೆಲ್ಲ ಅಳೆಯುತ್ತಿದ್ದರು. ಮೋನಾಚಾರಿ ಹೋಗಿ ವಿನಯದಿಂದ ನಿಂತ.

"ಗೌಡ್ರೆ, ಅವ್ರು ಬರೋದು ತಡ ಆದ್ರೆ ನಾನೇ ನಾಗಸ್ವರದ ಸೌಂಡ್ ಮಾಡಿ ನುಡಿಸ್ಲಾ?"

"ಏಯ್, ಬ್ಯಾಡ ಬ್ಯಾಡ. ಬತ್ತಾವ್ರೆ ಅವ್ರು. ಧಾರೆ ಹೊತ್ನಲ್ಲಿ ನಿನ್ ಪೆಟ್ಗೆ ಕುಯ್ಯೋ ಅಂದ್ರೆ ನೆಂಟ್ರು ನನ್ ಮಕಕ್ಕೆ ಉಗೀತಾರೆ. ವಾಲಗ ಅಂದ್ರೆ ಉಸ್ರು ಕಣಯ್ಯ. ಮನ್ಸ ಊದ್ಬೇಕು."

ಆಗ, ಪ್ರಳಯಕಾಲದ ಮೇಘದಂತೆ ಮೋನಾಚಾರಿಯ ಅಂತರಂಗವು ಗರ್ಜಿಸಿತು: "ಎಲೈ ಸೋದರಮಾವನೇ, ಕೇಳು! ಸೂರ್ಯನು ಪಡುವಣದಲ್ಲಿ ಹುಟ್ಟಲಿ, ಹೂರಣವು ಕಣಕವನ್ನು ತೊರೆದು ಓಡಲಿ, ಕರೆಯದ ನೆಂಟನು ಮದುವೆಗೆ ಬಾರದೆ ಉಳಿಯಲಿ! ಈ ಪೆಟ್ಟಿಗೆಯ ಗರ್ಭವನ್ನು ಸೀಳಿ, ಉಸಿರಾಡುವ ನಾಗಸ್ವರವನ್ನು ಹೊರತೆಗೆದು, ನಿನ್ನ ಆ ಮೀಸೆಯ ಅಡಿಯಿಂದಲೇ ಭಲೇ ಎನ್ನಿಸದಿದ್ದರೆ ನಾನು ಮೌನೇಶ್ವರನ ಒಕ್ಕಲೇ ಅಲ್ಲ!" ಇಷ್ಟೂ ಗರ್ಜನೆಯಲ್ಲಿ ಬಾಯಿಂದ ಹೊರಗೆ ಬಿದ್ದದ್ದು, "ಆಯ್ತು ಬಿಡಿ ಗೌಡ್ರೆ, ನೋಡನ" ಎಂಬಷ್ಟೇ.

ಧಾರೆಮಂಟಪದ ಹೂವಿನ ಪರದೆಯ ಹಿಂದೆ ರಣರಂಗ ಸಜ್ಜಾಯಿತು. ಯಾರಿಗೂ ಸುಳಿವು ಸಿಗಬಾರದೆಂದು ವೀರನು ಹೆಡ್‌ಫೋನನ್ನೇ ಕಿರೀಟವಾಗಿ ಧರಿಸಿದನು. ಯಂತ್ರದೊಳಗೆ ಓಬೋ ಎಂಬ ಪರದೇಶದ ಊದುವಾದ್ಯವೊಂದಿತ್ತು. ನಾಗಸ್ವರಕ್ಕೆ ದೂರದ ದಾಯಾದಿ. ಆದರೆ ಚರ್ಚಿನಲ್ಲಿ ಬೆಳೆದ ಹುಡುಗನಂತೆ ಮೆತ್ತಗೆ ಮಾತಾಡುತ್ತಿತ್ತು. ಅದಕ್ಕೆ ಅರಸೀಕೆರೆಯ ಗಂಟಲು ಕೊಡಬೇಕು. ಮೊದಲು ಎದುರಾದವನು ಅಟ್ಯಾಕ್ ಎಂಬ ತಿರುಗಣೆಯ ರೂಪದ ದುರ್ಮದನು. ಸ್ವರ ಹೇಗೆ ಹುಟ್ಟಬೇಕೆಂಬುದು ಅವನ ಕೈಲಿದೆ. ಮೋನಾಚಾರಿ ಅವನ ಜುಟ್ಟು ಹಿಡಿದು ಸೊನ್ನೆಗೆ ಎಳೆದ. ಸ್ವರವು ಒತ್ತಿದ ತಕ್ಷಣ ಚಂಗನೆ ಚಿಮ್ಮತೊಡಗಿತು. ಅವನ ಹಿಂದೆಯೇ ಬಂದವನು ರಿಲೀಸ್. ಇವನು ಸ್ವರ ಹೇಗೆ ಸಾಯಬೇಕೆಂದು ನಿರ್ಧರಿಸುವವನು, ಬೆರಳು ತೆಗೆದ ಮೇಲೂ ಸ್ವರವನ್ನು ಹೊರಟುನಿಂತ ನೆಂಟರಂತೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುವವನು. ಅವನನ್ನೂ ಕತ್ತರಿಸಿದ್ದಾಯಿತು.

ಕೊನೆಗೆ ಎದ್ದು ನಿಂತ ಅತಿರಥನ ಹೆಸರು ಕಟಾಫ್. ಈ ತಿರುಗಣೆಯು ಧ್ವನಿಯ ಬಾಯಿಗೆ ಕಟ್ಟಿದ ಬಟ್ಟೆ ಇದ್ದಂತೆ. ಬಿಗಿದರೆ ನಾಗಸ್ವರಕ್ಕೆ ನೆಗಡಿ. ಸಡಿಲಿಸಿದರೆ ಕೇಳುವವರಿಗೆ ಕಿವಿನೋವು. ಕೂದಲೆಳೆಯಷ್ಟು ಬಲಕ್ಕೆ, ಅರ್ಧ ಕೂದಲೆಳೆಯಷ್ಟು ಎಡಕ್ಕೆ, ನಾಲಗೆಯನ್ನು ಹಲ್ಲಿನ ನಡುವೆ ಕಚ್ಚಿ, ಕಣ್ಣು ಮುಚ್ಚಿ, ಎಂದೂ ಬಿಚ್ಚದ ಕೋಟನ್ನು ಬಿಚ್ಚಿ ಹೆಂಡತಿಯ ಕೈಗಿತ್ತು ಹೋರಾಡಿದನು. ಉಸಿರಿನ ನಡುಕಕ್ಕೆಂದು ಸ್ವರವನ್ನು ತುಸು ಅಲುಗಾಡಿಸಿದನು. ಎಡಗೈಯ ಮನೆಗಳಿಗೆಲ್ಲ ಡೋಲಿನ ಪೆಟ್ಟು ಕೂಡಿಸಿದನು. ಕಟ್ಟಕಡೆಗೆ ಹೆಡ್‌ಫೋನಿನೊಳಗೆ ಒಂದು ನಾಗಸ್ವರ ಕಣ್ಣು ಬಿಟ್ಟಿತು. ಇನ್ನುಳಿದದ್ದು ‘ರೈಟ್’, ಅಂದರೆ ‘ಬರೆದಿಡು’, ಎಂಬ ಗುಂಡಿಯೊಂದನ್ನು ಒತ್ತುವುದು. ಅದನ್ನು ಒತ್ತಿದರೆ ಮಾತ್ರ ಮಾಡಿದ್ದೆಲ್ಲ ಯಂತ್ರಕ್ಕೆ ನೆನಪಿರುತ್ತದೆ. ಇಲ್ಲದಿದ್ದರೆ ಕರೆಂಟು ಹೋದ ಕ್ಷಣವೇ ಅದು ಮರೆತುಬಿಡುತ್ತದೆ.

ಅವನ ತೋರುಬೆರಳು ಗುಂಡಿಗೆ ಇಳಿಯುವಷ್ಟರಲ್ಲಿ ರತ್ನಮಾಲಾ ಆ ಬೆರಳನ್ನೇ ಹಿಡಿದುಕೊಂಡಳು.

"ರೀ, ಈಗ ಒತ್ಬೇಡಿ. ರಾಹುಕಾಲ."

"ಸೇವ್ ಮಾಡಕ್ಕೂ ರಾಹುಕಾಲ ನೋಡ್ತಾರೇನೆ?"

"ಹೊಸ ಸೌಂಡು ಮನೆ ತುಂಬಿಸ್ಕೊಳೋದು ತಾನೆ? ಆವತ್ತು ನಾನು ಬೇಡ ಅಂದ್ರೂ ರಾಹುಕಾಲದಲ್ಲೇ ಕೊಳಲು ಸೇವ್ ಮಾಡಿದ್ರಿ. ತಿಪಟೂರಲ್ಲಿ ಏನಾಯ್ತು? ಕೊಳಲು ಅಂತ ಒತ್ತಿದ್ರೆ ಹೆಲಿಕಾಪ್ಟರ್ ಬಂತು. ಗಂಡಿನ ತಾತ ಮೇಲೆ ನೋಡ್ತಾನೇ ಇದ್ರು ಪಾಪ."

ತಿಪಟೂರಿನ ಹೆಸರೆತ್ತಿದೊಡನೆ ಮೋನಾಚಾರಿ ಬೆರಳನ್ನು ಹಿಂದಕ್ಕೆಳೆದುಕೊಂಡ. ಶತ್ರುವಿಗೆ ಅಂಜದವರು ಹೆಂಡತಿಯ ಜ್ಞಾಪಕಶಕ್ತಿಗೆ ಅಂಜುವುದು ಪುರಾಣಪ್ರಸಿದ್ಧ. ರಾಹುಕಾಲ ಮುಗಿಯಲು ಇನ್ನು ಸ್ವಲ್ಪವೇ ಹೊತ್ತಿತ್ತು. ಯಂತ್ರದ ಸ್ವಿಚ್ಚು ಹಾಗೇ ಹಾಕಿರಲಿ, ಅಷ್ಟರಲ್ಲಿ ಎರಡು ತುತ್ತು ತಿಂಡಿಯಾದರೂ ಆಗಲಿ ಎಂದು ದಂಪತಿಗಳು ಉಪ್ಪಿಟ್ಟು ಕೇಸರಿಬಾತುಗಳ ದಿಕ್ಕಿಗೆ ದಂಡೆತ್ತಿ ಹೋದರು.

ಅಯ್ಯೋ ವಿಧಿಯೇ! ಅವರು ತಿಂಡಿ ಮುಗಿಸಿ ಬರುವಷ್ಟರಲ್ಲಿ ಹೂವಿನ ಪರದೆಯ ಹಿಂದೆ ಇಸ್ತ್ರಿಪೆಟ್ಟಿಗೆಯೊಂದು ಹೊಗೆಯಾಡುತ್ತಿತ್ತು. ಮದುಮಗನ ಅತ್ತಿಗೆ ಜಯಶೀಲ, ಸೆರಗು ಸಿಕ್ಕಿಸಿಕೊಂಡು, ರೇಷ್ಮೆ ಪಂಚೆಯ ಅಂಚನ್ನು ಒತ್ತುತ್ತಿದ್ದಳು. ಅಲ್ಲಿ ಇದ್ದದ್ದು ಒಂದೇ ಪ್ಲಗ್ಗು. ಸಿಂಥಸೈಜರಿನ ವೈರು ನೆಲದ ಮೇಲೆ ಸತ್ತ ಹಾವಿನಂತೆ ಬಿದ್ದಿತ್ತು. ಯಂತ್ರದ ಮುಖದ ಪುಟ್ಟ ಪರದೆ ಕಪ್ಪಾಗಿತ್ತು.

"ಅಯ್ಯೋ ಅಣ್ಣಾ, ಅದು ಸುಮ್ನಿತ್ತಲ್ಲ, ಸದ್ದೇ ಇರ್ಲಿಲ್ಲ! ಗಂಡಿನ್ ಪಂಚೆ ಮುದುರೋಗಿತ್ತು. ಒಂದ್ ಗಳಿಗೆ, ಆಗೋಯ್ತು," ಎಂದಳು ಜಯಶೀಲ. ಪಾಪ, ಆಕೆಯ ತಪ್ಪೇನಿದೆ? ಹೆಡ್‌ಫೋನಿನೊಳಗಿನ ಕೂಸಿನ ಅಳು ಹೊರಗಿನವರಿಗೆ ಕೇಳುವುದಿಲ್ಲ.

ಮೋನಾಚಾರಿ ಕುಸಿದು ಕುಳಿತನು. "ಹಾ ಕಟಾಫೇ! ಕೂದಲೆಳೆ ಕೂದಲೆಳೆಯಾಗಿ ನಿನ್ನನ್ನು ಬೆಳೆಸಿದೆನಲ್ಲಾ! ಹಾ ರಿಲೀಸೇ! ನಿನ್ನನ್ನು ಕತ್ತರಿಸಿದ ಕೈ ಇನ್ನೂ ಆರಿಲ್ಲವಲ್ಲಾ! ಒಂದು ಕೇಸರಿಬಾತಿಗಾಗಿ ನಿಮ್ಮನ್ನು ಅನಾಥರನ್ನಾಗಿ ಬಿಟ್ಟುಹೋದೆನಲ್ಲಾ!" ಎಂದು ಮನಸ್ಸಿನಲ್ಲೇ ಹಲುಬಿದನು. ನಗಬೇಡಿ. ನಿಜವಾಗಿಯೂ ಅವನಿಗೆ ಅಳು ಬಂದಿತ್ತು. ಸೋತದ್ದಕ್ಕಲ್ಲ; ಅಷ್ಟು ಚೆಂದದ ಸ್ವರವನ್ನು ತಾನೊಬ್ಬನೇ ಕೇಳಿದ್ದು, ಇನ್ನು ಯಾರೂ ಕೇಳುವುದಿಲ್ಲವಲ್ಲ ಎಂಬುದಕ್ಕೆ.

"ನಂದೇ ತಪ್ಪು ಕಣ್ರೀ," ಅಂದಳು ರತ್ನಮಾಲಾ, ಸಣ್ಣ ದನಿಯಲ್ಲಿ. "ಇನ್ನೊಂದ್ ಸಲ ಮಾಡಿ."

"ಎಲ್ಲಿ ಮಾಡ್ಲೇ? ಹುಡುಗೀನ ಆಗ್ಲೇ ಕರ್ಕೊಂಡ್ ಬಂದ್ರು."

"ಹಂಗಾರೆ ಬಾಯ್ ಮುಚ್ಕೊಂಡ್ ಬೇಗ ಮಾಡಿ."

ಇಂಥ ಗೀತೋಪದೇಶ ಯಾವ ಸಾರಥಿಯೂ ಮಾಡಿಲ್ಲ. ಜಯಶೀಲಳ ಇಸ್ತ್ರಿಪೆಟ್ಟಿಗೆಯನ್ನು ಕಿತ್ತು ರತ್ನಮಾಲಾ ವೈರು ಚುಚ್ಚಿದಳು. ಪರದೆಯಾಚೆ ಮಂತ್ರ ಏರುತ್ತಿತ್ತು, ಈಚೆ ಹತ್ತು ಬೆರಳುಗಳು ಗುಂಡಿಗಳ ಮೇಲೆ ಓಡುತ್ತಿದ್ದವು. ಅಟ್ಯಾಕು ಒಂದೇ ಏಟಿಗೆ ಬಿತ್ತು. ರಿಲೀಸು ತಾನಾಗಿ ಶರಣು ಬಂತು, ಡೋಲು ಎಡಗೈಯ ಮನೆಗಳಿಗೆ ಮರಳಿತು. ಕಟಾಫಿನ ತಿರುಗಣೆಯನ್ನು ಮಾತ್ರ, ಬೆವರಿಗೆ ಕೈ ಜಾರಿ, ಅಳತೆ ಮೀರಿ ಬಲಕ್ಕೆ ತಿರುಗಿಸಿಬಿಟ್ಟನು. ಹೆಡ್‌ಫೋನಿನೊಳಗೆ ಧ್ವನಿ ಹರಿದು ಕಿರುಚಿತು. ಮೋನಾಚಾರಿ ಬೆಚ್ಚಿ ಕೈ ತೆಗೆದ, ಮತ್ತೆ ಕೇಳಿದ, ಮತ್ತೂ ಒಂದು ಸಲ ಕೇಳಿದ. ಬೆಳಗಿನ ಕೂಸು ಚೆಲುವಾಗಿತ್ತು, ಆದರೆ ಇದು ವಾಲಗವಾಗಿತ್ತು! ಚಪ್ಪರ ಹಾರಿಸುವ, ಕೆನ್ನೆ ಉಬ್ಬಿಸಿ ಊದಿದ ಒರಟು ನಾಗಸ್ವರ ಅದು. ಥಟ್ಟನೆ ರೈಟ್ ಗುಂಡಿ ಒತ್ತಿದನು. ಈ ಧ್ವನಿಗೆ ಏನೆಂದು ಹೆಸರಿಡಲಿ ಎಂದು ಯಂತ್ರವು ಕೇಳಿತು. ನಾಮಕರಣಕ್ಕೆ ಯಾರಿಗಿದೆ ಪುರಸೊತ್ತು? ಏನಾದರೂ ಇಟ್ಟುಕೋ ಎಂದು ಹೂಂಗುಟ್ಟಿ, ಹೆಡ್‌ಫೋನು ಕಿತ್ತೆಸೆದು, ದೊಡ್ಡ ಸ್ಪೀಕರುಗಳ ಸ್ವಿಚ್ಚು ಹಾಕಿದನು.

"ಗಟ್ಟಿಮೇಳ! ಗಟ್ಟಿಮೇಳ!"

ಆಹಾ, ಆ ಘೋಷವನ್ನು ಏನೆಂದು ಬಣ್ಣಿಸಲಿ! ಸ್ಪೀಕರುಗಳು ನಡುಗಿದವು. ಕಿಟಕಿಯ ಮೇಲಿದ್ದ ಪಾರಿವಾಳಗಳು ರೈಲ್ವೆ ಗೇಟು ದಾಟಿ ಹಾರಿದವು. ತೊಟ್ಟಿಲಲ್ಲಿ ಅಳುತ್ತಿದ್ದ ಮಗು ಅಳು ಮರೆತು ಬಾಯಿ ತೆರೆದೇ ಇತ್ತು. ಬಲಗೈ ನಾಗಸ್ವರವಾಗಿ ಬಾನಿಗೇರಿತು, ಎಡಗೈ ಡೋಲಾಗಿ ಭೂಮಿಯನ್ನು ಗುದ್ದಿತು. ಊದಬೇಕಾದ ಅಗತ್ಯವೇ ಇಲ್ಲದ ಮೋನಾಚಾರಿಯ ಕೆನ್ನೆಗಳೂ ತಾವಾಗಿ ಉಬ್ಬಿದವು. ಪರದೆಯ ಸಂದಿನಿಂದ ಅವನು ನೋಡಿದ್ದು ಒಂದನ್ನೇ: ಸೋದರಸೊಸೆಯ ಹೆಗಲು ಹಿಡಿದು ನಿಂತಿದ್ದ ಸಿಂಗ್ರೀಗೌಡರ ತಲೆ ತೂಗುತ್ತಿತ್ತು, ಕಣ್ಣಲ್ಲಿ ನೀರಿತ್ತು, ಮೀಸೆ ಕುಣಿಯುತ್ತಿತ್ತು. ಗೆದ್ದೆ, ಅಂದುಕೊಂಡನು ಮೋನಾಚಾರಿ. ಬದುಕಿನಲ್ಲಿ ಇಷ್ಟು ಗೆದ್ದದ್ದೇ ಇಲ್ಲ.

ಅಕ್ಷತೆ ಬಿತ್ತು, ತಾಳಿ ಬಿಗಿಯಿತು. ವೀರನು ಕೋಟು ತೊಟ್ಟು, ತಲೆ ಬಾಚಿ, ಪರದೆ ಸರಿಸಿ ಹೊರಗೆ ಬಂದನು. ಗೌಡರು ಜರಿಶಾಲನ್ನು ಹಿಡಿದು ವೇದಿಕೆಯಿಂದ ಧಡಧಡನೆ ಇಳಿದರು. ಅವನು ಹೆಗಲನ್ನು ಸ್ವಲ್ಪ ಮುಂದಕ್ಕೆ ಕೊಟ್ಟು ನಿಂತನು.

ಗೌಡರು ಆ ಹೆಗಲನ್ನು ದಾಟಿಕೊಂಡು ಹೋದರು. ಹೆಬ್ಬಾಗಿಲಲ್ಲಿ ಆಗತಾನೆ ಬಂದು ನಿಂತಿದ್ದರು ಬಾಣಾವರದ ವಾಲಗದವರು. ಕೈಯೆಲ್ಲ ಗ್ರೀಸು, ನಾಗಸ್ವರ ಇನ್ನೂ ಚೀಲದೊಳಗೇ ಇತ್ತು. ಮೇಳದ ಹಿರಿಯ ಸಂಜೀವಪ್ಪನ ಹೆಗಲಿಗೆ ಶಾಲು ಬಿತ್ತು.

"ಏನ್ ಊದಿದ್ರಿ ಸಂಜೀವಪ್ಪೋರೆ! ಮೈಯೆಲ್ಲಾ ಜುಂ ಅಂತು!"

"ಗೌಡ್ರೆ, ನಾವು ಈಗ್ತಾನೆ ಬಂದು..."

"ಅದೇ ಕಣಣ್ಣ ನಾನೇಳದು! ಈಗ್ತಾನೆ ಬಂದು, ಉಸ್ರು ಎಳ್ಕಳಕೂ ಪುರಸೊತ್ತಿಲ್ದೆ ಇಂಗ್ ಊದಿದ್ರಲ್ಲ!" ಎಂದು ಗೌಡರು ಆತನ ಎರಡೂ ಕೈ ಹಿಡಿದು ಕುಲುಕಿದರು. ತಿರುಗಿದವರಿಗೆ ಮೋನಾಚಾರಿ ಕಂಡ. "ಕೇಳುದ್ಯೇನಯ್ಯ? ಈಗಾದ್ರೂ ಗೊತ್ತಾಯ್ತಾ, ನಿನ್ ಪೆಟ್ಗೆಗೂ ವಾಲಗಕ್ಕೂ ಇರೋ ವ್ಯತ್ಯಾಸ?"

ಪರದೆಯ ಹಿಂದಕ್ಕೆ ನುಗ್ಗಿದನು ಮೋನಾಚಾರಿ. ಓಡಿಹೋಗಿ ಯಂತ್ರದ ಮೇಲೆ ಬೆರಳಿಟ್ಟ. ಒಂದೇ ಒಂದು ಸಲ ಒತ್ತಿದ್ದರೆ ಸಾಕಿತ್ತು. ಸತ್ಯವು ಎರಡು ಸ್ಪೀಕರುಗಳಲ್ಲಿ ಸ್ಫೋಟಿಸುತ್ತಿತ್ತು. ಅಷ್ಟರಲ್ಲಿ ಒಳಗಿನಿಂದ ಯಾರೋ, "ಎಲೆ ಹಾಕವ್ರೆ, ಬನ್ರಪ್ಪೋ!" ಎಂದು ಕೂಗಿದರು. ಸಮುದ್ರ ಹಿಂಜರಿದಂತೆ ಸಭೆಯೆಲ್ಲ ಊಟದ ಮನೆಗೆ ಹರಿಯಿತು, ಗೌಡರು ಎಲ್ಲರಿಗಿಂತ ಮುಂದೆ. ಖಾಲಿ ಕುರ್ಚಿಗಳಿಗೆ ಏನು ರುಜುವಾತು ತೋರಿಸುವುದು? ರತ್ನಮಾಲಾ ಸ್ವಿಚ್ಚು ಆರಿಸಿ, "ಬನ್ನಿ, ಅನ್ನ ಬಿಟ್ಟು ಕೋಪ ಮಾಡ್ಬಾರ್ದು" ಎಂದು ಕೋಟಿನ ತೋಳು ಹಿಡಿದು ಎಳೆದಳು.

ಕೊನೆಯ ಪಂಕ್ತಿಯ ತುದಿಯಲ್ಲಿ ಅವರಿಬ್ಬರಿಗೆ ಜಾಗ ಸಿಕ್ಕಿತು. ಪಕ್ಕದ ಎಲೆಯಲ್ಲಿ ಸಂಜೀವಪ್ಪ, ಶಾಲು ಸಾರಿಗೆ ತಾಗದಂತೆ ಮಡಿಸಿಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಉಣ್ಣುತ್ತಿದ್ದ. ಹೋಳಿಗೆಯ ಬುಟ್ಟಿ ಹಿಡಿದು ಬಡಿಸುತ್ತ ಬಂದವನು ಮೋನಾಚಾರಿಯ ಮಿರುಗುವ ಕೋಟನ್ನು ನೋಡಿ ನಿಂತ.

"ಅಣ್ಣ, ನೀವು ಹೆಣ್ಣಿನ ಕಡೆಯೋರೋ, ಗಂಡಿನ ಕಡೆಯೋರೋ?"

ಮೋನಾಚಾರಿ ಪಕ್ಕದ ಶಾಲಿನತ್ತ ಒಮ್ಮೆ ನೋಡಿ, "ವಾಲಗದ ಕಡೆ" ಅಂದ.

"ಓ, ನೀವೇನಾ! ಒಳಗೆ ಅಡಿಗೆ ಮನೇಗಂಟ ಕೇಳುಸ್ತು, ಬೋ ಚೆನ್ನಾಗಿತ್ತು," ಎಂದು ಅವನು ಇನ್ನೊಂದು ಹೋಳಿಗೆ ಹಾಕಿ ಮುಂದೆ ಹೋದ.

ಸ್ವರಸಾಮ್ರಾಜ್ಯಧುರಂಧರನು ಅದಕ್ಕೂ ತುಪ್ಪ ಹಾಕಿಸಿಕೊಂಡನು.