ಚಾಳೀಸಣ್ಣನ ಮೌನವ್ರತ

ದೇಶಕ್ಕೂ ತನ್ನ ಫುಟ್‌ಬಾಲ್ ತಂಡಕ್ಕೂ ಹಿಡಿದಿರುವ ರೋಗ ಒಂದೇ ಎಂಬುದು ಚಾಳೀಸಣ್ಣನ ಸಿದ್ಧಾಂತ. ಕನ್ನಡಕದಂಗಡಿ ಇಟ್ಟುಕೊಂಡಿದ್ದರಿಂದ ಅವನಿಗೆ ಆ ಹೆಸರು. ಹೆತ್ತವರು ಇಟ್ಟ ಹೆಸರು ಹೆಂಡತಿಗೆ ಸಿಟ್ಟು ನೆತ್ತಿಗೇರಿದಾಗ ಮಾತ್ರ ಹೊರಗೆ ಬರುತ್ತಿತ್ತು. ತಂಡವೋ, ಲೀಗಿನ ಕಟ್ಟಕಡೆಯ ದರ್ಜೆಯಲ್ಲಿತ್ತು. ಅಲ್ಲಿಯೂ ಕೆಳಗಿನಿಂದ ಎರಡನೆಯ ಸ್ಥಾನವನ್ನು ಬಹುಕಾಲದಿಂದ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿಕೊಂಡು ಬಂದಿತ್ತು. ಇನ್ನೊಂದು ಮೆಟ್ಟಿಲು ಜಾರಿದರೆ ಲೀಗಿನಿಂದಲೇ ಗೇಟ್‌ಪಾಸ್.

ಪಂದ್ಯ ಸೋತ ಸಂಜೆ (ಅಂದರೆ ಪಂದ್ಯವಿದ್ದ ಪ್ರತಿ ಸಂಜೆ) ಊಟದ ಮೇಜು ಸಂಸತ್ ಭವನವಾಗುತ್ತಿತ್ತು.

"ನೋಡೇ, ನಮ್ಮ ಮಿಡ್‌ಫೀಲ್ಡ್ ಅನ್ನೋದು ಸಮ್ಮಿಶ್ರ ಸರ್ಕಾರ. ಒಬ್ಬನ ಕಾಲಿಗೆ ಚೆಂಡು ಸಿಕ್ಕಿದ್ರೆ ಇನ್ನೊಬ್ಬನಿಗೆ ಜಪ್ಪಯ್ಯ ಅಂದ್ರೂ ಕೊಡಲ್ಲ. ಕೋಚ್ ಹಣಕಾಸು ಮಂತ್ರಿ ಇದ್ದ ಹಾಗೆ, ಸುಖ ಎಲ್ಲಾ ಮುಂದಿನ ವರ್ಷ! ಇನ್ನು ಗೋಲ್‌ಕೀಪರ್ ಯಾರು ಹೇಳು? ಕ್ಲಬ್ ಅಧ್ಯಕ್ಷರ ಅಳಿಯ! ಅಲ್ಲಿ ಮಂತ್ರಿಗಳ ಅಳಿಯಂದಿರು ದೇಶ ನುಂಗ್ತಾರೆ, ಇಲ್ಲಿ ಇವನು ಗೋಲು ನುಂಗ್ತಾನೆ. ಕುಟುಂಬ ರಾಜಕಾರಣ ಕಣೇ, ಕುಟುಂಬ ರಾಜಕಾರಣ!"

"ಆಯ್ತು, ತಟ್ಟೆ ತೊಳೆಯೋ ಖಾತೆ ನಿಮ್ಮದು. ಏಳಿ, ಅಧಿಕಾರ ವಹಿಸ್ಕೊಳ್ಳಿ" ಎನ್ನುತ್ತಿದ್ದಳು ಹೆಂಡತಿ.

ಆದರೆ ಇವರೆಲ್ಲರಿಗಿಂತ ದೊಡ್ಡ ದೇಶದ್ರೋಹಿ ಒಬ್ಬನಿದ್ದ. ಅವನೇ ಲೈನ್ಸ್‌ಮನ್. ಗ್ಯಾಲರಿಯಲ್ಲಿ ಚಾಳೀಸಣ್ಣ ಕೂರುತ್ತಿದ್ದುದು ಕೆಳಗಿನ ಸಾಲಿನಲ್ಲಿ, ಬೇಕರಿಯವನ ಪಕ್ಕ, ಗೆರೆಗೆ ತೀರ ಹತ್ತಿರ. ಬಾವುಟ ಹಿಡಿದು ಗೆರೆಯುದ್ದಕ್ಕೂ ಓಡಾಡುವ ಆ ಪ್ರಾಣಿ ಆಟ ಮುಗಿಯುವ ತನಕ ಗ್ಯಾಲರಿಗೆ ಬೆನ್ನು ಹಾಕಿಕೊಂಡೇ ಇರುತ್ತಿತ್ತು. ಹಾಗಾಗಿ ಎರಡು ವರ್ಷದಿಂದ ಬೈಯುತ್ತಿದ್ದರೂ ಚಾಳೀಸಣ್ಣ ಅವನ ಮುಖ ಕಂಡವನಲ್ಲ. ಹಿಂಭಾಗ ಮಾತ್ರ ಬಾಯಿಪಾಠವಾಗಿತ್ತು: ಅಗಲಿಸಿ ನಿಂತ ಕಿವಿಗಳು, ಬಲಗಿವಿಯ ಹಿಂದೆ ಕಾಸಿನಗಲದ ಮಚ್ಚೆ. ಬಾವುಟ ಮೇಲೆದ್ದಿತೆಂದರೆ ಸಾಕು, ಚಾಳೀಸಣ್ಣ ಎದ್ದು ನಿಂತು ಆ ಮಚ್ಚೆಗೇ ಗುರಿಯಿಟ್ಟು ಗುಡುಗುತ್ತಿದ್ದ: "ಲೋ ಕುರುಡ! ನನ್ನ ಅಂಗಡಿಗೆ ಬಾರೋ, ಪುಕ್ಕಟೆ ಕಣ್ಣು ಪರೀಕ್ಷೆ ಮಾಡ್ತೀನಿ!" ಗ್ಯಾಲರಿ ಹೋ ಎನ್ನುತ್ತಿತ್ತು. ತಂಡ ಸೋತರೂ ಚಾಳೀಸಣ್ಣ ಗೆದ್ದು ಮನೆಗೆ ಬರುತ್ತಿದ್ದ.

ಹೀಗಿರುವಾಗ, ಅಂಗಡಿಯಲ್ಲಿ ಅಪ್ಪನ ಜೊತೆಗೇ ಕೆಲಸ ಮಾಡುವ ಮಗಳು ಒಂದು ದಿನ ಕನ್ನಡಕದ ಗಾಜು ಒರೆಸುತ್ತಾ, "ಅಪ್ಪಾ, ನಾಳೆ ಸಂಜೆ ಒಬ್ಬರು ನಮ್ಮನೆಗೆ ಚಹಾಕ್ಕೆ ಬರ್ತಾರೆ" ಎಂದಳು. ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ಚಾಳೀಸಣ್ಣನಿಗೆ ಅರ್ಥವಾಯಿತು. ಮಗಳೆಂದರೆ ಅವನಿಗೆ ಜೀವ. ದೇಶ, ತಂಡ ಎರಡನ್ನೂ ತಕ್ಕಡಿಯ ಒಂದು ಕಡೆ ಹಾಕಿದರೂ ಅವಳ ಕಡೆಯೇ ಕೆಳಗಿಳಿಯುವುದು.

"ಏನು ಮಾಡ್ಕೊಂಡಿದಾನೆ?"

"ಬ್ಯಾಂಕಲ್ಲಿ ಕೆಲಸ. ರಜಾ ದಿನ ಸ್ವಲ್ಪ... ಓಡ್ತಾರೆ."

"ಓಡ್ತಾನಾ? ಭೇಷ್! ಆರೋಗ್ಯವಂತ."

ಹುಡುಗ ಬಂದ. ಚಾಳೀಸಣ್ಣ ಬಾಗಿಲಲ್ಲಿ ನಿಂತು "ಬಾರಪ್ಪಾ ಬಾ" ಎಂದು ಗ್ಯಾಲರಿಯ ಗಂಟಲಿನಲ್ಲಿ ಸ್ವಾಗತಿಸಿದಾಗ ಹುಡುಗ ಅರೆಗಳಿಗೆ ಬೆಚ್ಚಿದ. ಆಮೇಲೆ ನಗುತ್ತಾ ಒಳಗೆ ಬಂದು ಎದುರಿಗೇ ಕೂತ. ಚಹಾ ಮುಗಿಯುವುದರೊಳಗೆ ಚಾಳೀಸಣ್ಣ ಕ್ಲೀನ್ ಬೋಲ್ಡ್. ತೆರಿಗೆಯ ವಿಚಾರದಲ್ಲಿ ಇಬ್ಬರದೂ ಒಂದೇ ಮಾತು. ಪಕ್ಷಾಂತರಿಗಳನ್ನು ಏನು ಮಾಡಬೇಕೆಂಬುದರಲ್ಲೂ ಒಂದೇ ಮಾತು. ಹುಡುಗ ಹೇಳಿದ ಶಿಕ್ಷೆ ಸ್ವಲ್ಪ ಮೃದು, ಅಷ್ಟೇ.

"ಇಂಥ ಹುಡುಗರು ಬೇಕು ದೇಶಕ್ಕೆ! ನಮ್ಮ ಮೈದಾನದಲ್ಲಿ ಒಬ್ಬ ಇದಾನೆ, ಲೈನ್ಸ್‌ಮನ್ ಅಂತೆ. ಕಣ್ಣಿದ್ದೂ ಕುರುಡ. ಅವನನ್ನ ಹೆತ್ತೋರಿಗೆ ಮೊದಲು ಕನ್ನಡಕ ಹಾಕ್ಬೇಕು" ಎಂದ ಚಾಳೀಸಣ್ಣ.

ಮಗಳು ಅಡುಗೆಮನೆಗೆ ಓಡಿದಳು. ಹುಡುಗ ಕೆಮ್ಮಿ, "ಅಷ್ಟೊಂದು ಕೆಟ್ಟವನಾ ಸರ್?" ಎಂದ.

"ಕೆಟ್ಟವನು ಅಂದ್ರೆ? ಕೊನೇ ಪಂದ್ಯಕ್ಕೆ ನೀನೂ ಬಾ, ತೋರಿಸ್ತೀನಿ."

"ಬರ್ತೀನಿ ಸರ್. ಬರಲೇಬೇಕು."

ಹುಡುಗ ಎದ್ದ. ಬಾಗಿಲ ಬಳಿ ಶೂ ಹಾಕಿಕೊಳ್ಳಲು ಬಗ್ಗಿದ. ಬೀಳ್ಕೊಡಲು ಹಿಂದೆಯೇ ಬಂದ ಚಾಳೀಸಣ್ಣನ ಕಣ್ಣಿಗೆ ಬಿದ್ದದ್ದು ಅಗಲಿಸಿ ನಿಂತ ಕಿವಿಗಳು. ಬಲಗಿವಿಯ ಹಿಂದೆ ಕಾಸಿನಗಲದ ಮಚ್ಚೆ.

"ಲೋ!" ಎಂದ ಚಾಳೀಸಣ್ಣ. ಎರಡು ವರ್ಷದ ಅಭ್ಯಾಸ, ತಡೆಯಲಾಗಲಿಲ್ಲ. "ಲೋ ಕುರುಡ!"

ಹುಡುಗ ಶೂ ದಾರ ಕಟ್ಟಿ ಮುಗಿಸಿಯೇ ಎದ್ದು ತಿರುಗಿದ. "ಹೌದು ಸರ್, ನಾನೇ."

"ನನ್ನ ಮನೆಗೆ ಬರೋ ಧೈರ್ಯ ಹೇಗೆ ಬಂತು ನಿನಗೆ?"

"ನೀವೇ ಕರೆದಿರಲ್ಲ ಸರ್, ವಾರ ವಾರ. ಪುಕ್ಕಟೆ ಕಣ್ಣು ಪರೀಕ್ಷೆ ಅಂತ. ಇಷ್ಟು ಕರೀತಾರಲ್ಲ ಅಂತ ಒಂದಿನ ಅಂಗಡಿಗೆ ಹೋದೆ. ನೀವು ಬೇಕರಿಗೆ ಹೋಗಿದ್ರಿ. ಇವರಿದ್ರು."

"ಅಪ್ಪಾ, ಅವರ ಕಣ್ಣು ಚೆನ್ನಾಗೇ ಇದೆ. ಎರಡೆರಡು ಸಲ ನೋಡಿದೀನಿ" ಎಂದಳು ಮಗಳು, ಅಡುಗೆಮನೆಯ ಬಾಗಿಲಿಂದಲೇ.

"ಎರಡೇ ಸಲವಾ?" ಎಂದಳು ತಾಯಿ.

ಹುಡುಗ ಹೋದ ಮೇಲೆ ಮನೆಯಲ್ಲಿ ತುರ್ತು ಅಧಿವೇಶನ ಸೇರಿತು. ಚಾಳೀಸಣ್ಣ ಸಭಾತ್ಯಾಗ ಮಾಡಲು ಎದ್ದ, ಹೆಂಡತಿ ಅವನ ಪೂರ್ತಿ ಹೆಸರು ಹಿಡಿದು ಕೂಗಿದಳು, ಕೂತ. ಮಗಳು ಅಳಲಿಲ್ಲ, ರಂಪ ಮಾಡಲಿಲ್ಲ. "ಅಪ್ಪಾ, ಅವರನ್ನ ಬಿಟ್ಟು ಬೇರೆಯವರನ್ನ ನಾನು ಮದುವೆ ಆಗಲ್ಲ. ನೀನು ಮನಸಾರೆ ಒಪ್ಪದೆ ಅವರನ್ನೂ ಆಗಲ್ಲ" ಎಂದಳು, ಅಷ್ಟೇ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಹೆಂಡತಿ ನಿರ್ಣಯ ಮಂಡಿಸಿದಳು. "ಭಾನುವಾರ ಕೊನೇ ಪಂದ್ಯಕ್ಕೆ ಹೋಗಿ, ಬೇಡ ಅನ್ನಲ್ಲ. ಆದ್ರೆ ಆ ಹುಡುಗನ ಮೇಲೆ ಒಂದು ಮಾತು ಬಂತೋ, ಮಗಳು ಜನ್ಮಕ್ಕೂ ಮರೆಯಲ್ಲ. ನಾನಂತೂ ಮೊದಲೇ ಏನನ್ನೂ ಮರೆಯೋಳಲ್ಲ, ಗೊತ್ತಲ್ಲ?"

ಗೊತ್ತಿತ್ತು.

ಭಾನುವಾರದ ಪಂದ್ಯ ಡ್ರಾ ಆದರೂ ಸಾಕಿತ್ತು, ತಂಡ ಲೀಗಿನಲ್ಲಿ ಉಳಿಯುತ್ತಿತ್ತು. ಸೋತರೆ ಕತೆ ಮುಗಿಯಿತು. ಚಾಳೀಸಣ್ಣ ಬಾಯಿಗೆ ಬೀಗ ಹಾಕಿಕೊಂಡು ಕೂತ. ಎದುರಾಳಿಗಳು ಒಂದು ಗೋಲು ಹೊಡೆದರು. ಅಧ್ಯಕ್ಷರ ಅಳಿಯ ಆಗ ಕೈಗವಸು ಸರಿಮಾಡಿಕೊಳ್ಳುತ್ತಿದ್ದ. ಚಾಳೀಸಣ್ಣ ತುಟಿ ಬಿಚ್ಚಲಿಲ್ಲ. ಬಾವುಟ ಒಂದೆರಡು ಸಲ ಮೇಲೆದ್ದಿತು. ಗ್ಯಾಲರಿ ಅವನತ್ತ ನೋಡಿತು. ಅವನು ಆಕಾಶ ನೋಡಿದ.

"ಏನಣ್ಣ, ಮೈ ಹುಷಾರಿಲ್ವಾ?" ಎಂದ ಬೇಕರಿಯವನು.

ಚಾಳೀಸಣ್ಣ ಗಂಟಲು ಮುಟ್ಟಿ ತೋರಿಸಿದ.

ಇನ್ನೇನು ಆಟ ಮುಗಿಯಬೇಕು, ಆಗ ಆಯಿತು ಪವಾಡ. ಆ ಸಮ್ಮಿಶ್ರ ಸರ್ಕಾರದಲ್ಲಿ ಒಬ್ಬ ಇನ್ನೊಬ್ಬನಿಗೆ ಚೆಂಡು ಕೊಟ್ಟ! ಅದನ್ನು ಪಡೆದವನು ನುಗ್ಗಿದ, ಒದ್ದ, ಬಲೆ ನಡುಗಿತು. ಗ್ಯಾಲರಿಯೇ ಎದ್ದು ಕುಣಿಯಿತು. ಬೇಕರಿಯವನು ಚಾಳೀಸಣ್ಣನನ್ನು ತಬ್ಬಿ ಎತ್ತಿದ. ಎತ್ತಿದವನು ಹಾಗೆಯೇ ಮೆಲ್ಲಗೆ ಇಳಿಸಿದ. ಬಾವುಟ ಮೇಲಿತ್ತು, ಗೋಲು ರದ್ದು.

ಇಡೀ ಗ್ಯಾಲರಿ ಚಾಳೀಸಣ್ಣನತ್ತ ತಿರುಗಿತು. ಈ ಒಂದು ಕೂಗಿಗಾಗಿಯೇ ದೇವರು ಅವನಿಗೆ ಗಂಟಲು ಕೊಟ್ಟಿದ್ದನೋ ಏನೋ. ಚಾಳೀಸಣ್ಣ ಎದ್ದು ನಿಂತ. ಮಚ್ಚೆ ಕಂಡಿತು. ಮಗಳ ಮುಖವೂ ಕಂಡಿತು. ಕಣ್ಣು ಮುಚ್ಚಿ ಕೂಗಿದ:

"ಲೈನ್ಸ್‌ಮನ್ ಹೇಳಿದ್ದು ಸರಿ! ಅದು ಆಫ್‌ಸೈಡೇ!"

ಬೇಕರಿಯವನು ಅವನನ್ನು ದಿಟ್ಟಿಸಿ ನೋಡಿದ. "ಅಲ್ಲಾ, ಮೊನ್ನೆ ನಿಮ್ಮ ಮಗಳ ಜೊತೆ ನಮ್ಮ ಬೇಕರಿಗೆ ಒಬ್ಬ ಬಂದಿದ್ದ. ಆ ಕಿವಿಗಳು..." ಎಂದು ಲೈನ್ಸ್‌ಮನ್ನನ್ನೂ ಚಾಳೀಸಣ್ಣನನ್ನೂ ನೋಡಿದ. ಆಮೇಲೆ ಗ್ಯಾಲರಿಗೆ ತಿರುಗಿ, "ಅಳಿಯ ಕಣ್ರಪ್ಪೋ! ಇವನ ಅಳಿಯ!" ಎಂದು ಅರಚಿದ. ಕೊನೆಯ ಸೀಟಿ ಊದಿದ್ದು ಯಾರಿಗೂ ಕೇಳಿಸಲಿಲ್ಲ. "ಕುಟುಂಬ ರಾಜಕಾರಣಕ್ಕೆ ಧಿಕ್ಕಾರ!" ಎಂಬ ಘೋಷಣೆ ಚಾಳೀಸಣ್ಣನನ್ನು ಗೇಟಿನ ತನಕ ಬೀಳ್ಕೊಟ್ಟಿತು.

ಮನೆಗೆ ಬಂದು ಕುರ್ಚಿಯಲ್ಲಿ ಕುಸಿದ. ತಂಡ ಹೋಯಿತು, ಮಾನ ಹೋಯಿತು. ಆದರೂ ಒಳಗೆಲ್ಲೋ ಒಂದು ಹೆಮ್ಮೆ: ಹುಡುಗ ಪ್ರಾಮಾಣಿಕ, ಮಾವನ ಮುಲಾಜಿಗೂ ಬೀಳಲಿಲ್ಲ. ಮಗಳು ನೀರು ತಂದುಕೊಟ್ಟು ಅಪ್ಪನ ಭುಜಕ್ಕೆ ತಲೆಯಾನಿಸಿದಳು. ಇದೊಂದಕ್ಕೆ ಹತ್ತು ತಂಡ ಹೋದರೂ ಚಿಂತೆಯಿಲ್ಲ ಅನ್ನಿಸಿತು ಅವನಿಗೆ.

ಅಷ್ಟರಲ್ಲಿ ಹುಡುಗ ಬಂದ. ಮುಖ ಬಾಡಿಹೋಗಿತ್ತು.

"ಮಾವ, ಕ್ಷಮಿಸಿ. ಅದು ಗೋಲೇ."

"ಏನಂದೆ?"

"ಆಫ್‌ಸೈಡ್ ಅಲ್ಲ, ನನ್ನದೇ ತಪ್ಪು. ವಾರ ವಾರ ನಿಮ್ಮ ಬೈಗುಳಕ್ಕೆ ಹೆದರಿ ಮೈಯೆಲ್ಲಾ ಕಣ್ಣಾಗಿರ್ತಿದ್ದೆ. ಇವತ್ತು ನೀವು ಕೂಗಲೇ ಇಲ್ಲ. ಮಾವನಿಗೆ ಏನಾದ್ರೂ ಆಯ್ತಾ ಅಂತ ಹೆದರಿಕೆಯಾಗಿ ಒಂದೇ ಒಂದು ಸಲ ಗ್ಯಾಲರಿ ಕಡೆ ತಿರುಗಿ ನೋಡಿದೆ. ನೀವು ಆಕಾಶ ನೋಡ್ತಿದ್ರಿ. ಮತ್ತೆ ಈ ಕಡೆ ತಿರುಗೋದರೊಳಗೆ ನಿಮ್ಮವನು ಎದುರಾಳಿಗಳನ್ನೆಲ್ಲ ದಾಟಿ ಮುಂದೆ ಒಬ್ಬನೇ ಇದ್ದ. ಪಾಸ್ ಕೊಡೋಕೆ ಮೊದಲೇ ದಾಟಿ ನಿಂತಿದ್ದ ಅಂದ್ಕೊಂಡೆ. ಕೈ ತಾನಾಗೇ ಮೇಲೆ ಹೋಯ್ತು."

ಮಗಳು ಅಪ್ಪನನ್ನೇ ನೋಡುತ್ತಿದ್ದಳು.

"ಇಲ್ಲ. ಅದು ಆಫ್‌ಸೈಡೇ" ಎಂದ ಚಾಳೀಸಣ್ಣ.

"ಅಲ್ಲ ಮಾವ, ಬೇಕರಿಯವರು ಮೊಬೈಲಲ್ಲಿ ತೆಗೆದಿದ್ದಾರೆ. ನಾನೇ ನೋಡಿದೆ."

"ಆ ವಿಡಿಯೋ ತಿರುಚಿದ್ದು! ವಿರೋಧಿಗಳ ಪಿತೂರಿ! ಬೇಕಾದ್ರೆ ತನಿಖೆ ಆಗ್ಲಿ, ಸಮಿತಿಗೆ ನಾನೇ ಅಧ್ಯಕ್ಷ ಆಗ್ತೀನಿ!" ಚಾಳೀಸಣ್ಣ ಮೇಜು ಗುದ್ದಿ ಗುಡುಗಿದ. ಮಧ್ಯಾಹ್ನದಿಂದ ಕಟ್ಟಿಹಾಕಿದ್ದ ದನಿಯೆಲ್ಲ ಒಮ್ಮೆಲೇ ಹೊರಬಂದು ಕಿಟಕಿಯ ಗಾಜು ಅದುರಿತು.

ಹೆಂಡತಿ ಹುಡುಗನ ಮುಂದೆ ಚಹಾ ಇಟ್ಟು, ಗಂಡನನ್ನು ಕನಿಕರದಿಂದ ನೋಡಿದಳು.

"ಮದುವೆಯಾದಾಗಿನಿಂದ ಬಾಯಿ ಮುಚ್ಕೊಳ್ಳಿ ಬಾಯಿ ಮುಚ್ಕೊಳ್ಳಿ ಅಂತ ಬಡ್ಕೊಂಡೆ. ಮುಚ್ಚಿದ್ದು ಒಂದೇ ಒಂದು ದಿನ. ಅಷ್ಟಕ್ಕೇ ಒಂದು ತಂಡಾನೇ ಮುಳುಗಿಸಿಬಿಟ್ರಲ್ಲ ರೀ!"