ಮೂರು ಜೊತೆ ಸ್ಕೀಗಳ ನಿಯಮಾವಳಿ

ಆಲ್ಡರ್‌ಗೇಟ್ ಸ್ಕೀ ಸಂಘದ ಸದಸ್ಯರು ಒಟ್ಟು ಅರವತ್ತೆಂಟು ಮಂದಿ. ಬೆಟ್ಟದ ಮೇಲಿನ ಸಂಘದ ಮನೆಯ ಒಣಗುಕೋಣೆಯಲ್ಲಿ ಅವರು ಇಟ್ಟಿದ್ದ, ಕಾಲಿಗೆ ಬಿಗಿದು ಹಿಮದ ಮೇಲೆ ಜಾರುವ ಸ್ಕೀಗಳು ಮುನ್ನೂರ ಹನ್ನೊಂದು ಜೊತೆ. ಒಬ್ಬ ಮನುಷ್ಯನಿಗೆ ಎರಡೇ ಕಾಲಿರುವುದನ್ನು ಗಮನಿಸಿ, ಈ ಲೆಕ್ಕದಲ್ಲಿ ಏನೋ ಎಡವಟ್ಟಿದೆ ಎಂದು ಮೊದಲು ಸಭೆಯ ಗಮನಕ್ಕೆ ತಂದವನು ಕಾರ್ಯದರ್ಶಿ ವೆಂಡೆಲ್ ಆಸ್‌ಗಾರ್ಡ್. ಅವುಗಳ ಪೈಕಿ ಹನ್ನೊಂದು ಜೊತೆ ಅವನವೇ ಎಂಬ ಸಂಗತಿ ನಡಾವಳಿಯಲ್ಲಿ ದಾಖಲಾಗಲಿಲ್ಲ. ನಡಾವಳಿ ಬರೆಯುವವನೂ ಅವನೇ ಆಗಿದ್ದ.

ಹಾಗೆಂದು ಅವನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಕ್ಯಾಸ್ಕೇಡ್ ಬೆಟ್ಟಸಾಲಿನ ಪಡುವಣ ಮಗ್ಗುಲಲ್ಲಿ ಹಿಮ ಬೀಳುತ್ತದೆ ಅನ್ನುವುದೇ ಒಂದು ಮರ್ಯಾದೆಯ ಮಾತು. ಕಡಲ ಗಾಳಿ ಹೊತ್ತು ತಂದು ಸುರಿಯುವುದು ಕಲಸಿದ ಸಿಮೆಂಟನ್ನು. ಬೆಳಿಗ್ಗೆ ಅದು ಹಿಮ, ಹತ್ತು ಗಂಟೆಗೆ ಗಂಜಿ, ಮಧ್ಯಾಹ್ನ ಅಪ್ಪಟ ಮಳೆ, ಮಾರನೆಯ ದಿನ ಗಾಜು. ಕೊಡೆ ಹಿಡಿದವನನ್ನು ಪರವೂರಿನವನೆಂದು ನಗುವ ಈ ಜನ, ಮೀನುದೋಣಿಯವರ ಕಿತ್ತಳೆ ರಬ್ಬರ್ ಗ್ಲೋವ್ಸ್ ಹಾಕಿಕೊಂಡು ಆ ಗಂಜಿಯಲ್ಲೇ ಜಾರುತ್ತಾರೆ. ಇನ್ನೊಂದೇ ಒಂದು ಜೊತೆ ಸ್ಕೀ ಕೊಂಡರೆ ಎಲ್ಲಾ ಸರಿಹೋಗುತ್ತದೆ ಎಂದು ಮನಸಾರೆ ನಂಬುತ್ತಾರೆ. ವೆಂಡೆಲ್ ಹಾಗೆ ಹನ್ನೊಂದು ಸಲ ನಂಬಿದ್ದ.

"ಹೋದ ವರ್ಷಾನೂ ಇದೇ ಕಡೇದು ಅಂದಿದ್ದೆ," ಅಂದಿದ್ದಳು ಹೆಂಡತಿ ಮಾರ್ಲಿಸ್, ಹನ್ನೊಂದನೆಯದು ಮನೆಗೆ ಬಂದಾಗ.

"ಅದು ಗಂಜಿ ಹಿಮಕ್ಕೆ ಕಣೆ. ಇದು ಮಳೆ ಬಿದ್ದು ಗಟ್ಟಿಯಾದ ಹಿಮಕ್ಕೆ. ಇದರ ಸೊಂಟ ನೋಡು, ಮಧ್ಯದಲ್ಲಿ ಬರೀ ಎಂಬತ್ನಾಲ್ಕು ಮಿಲಿಮೀಟರು ಅಗಲ."

"ಸ್ಕೀ ಸೊಂಟ ಅಳೆಯೋದು ಬಿಟ್ಟು ನಿನ್ನ ಸೊಂಟ ಅಳ್ಕೊಂಡಿದ್ರೆ ಮಂಡಿ ನೆಟ್ಟಗಿರ್ತಿತ್ತು."

ಮಂಡಿಯ ಮಾತು ನಿಜ. ಎಡಮಂಡಿ ಸವೆದುಹೋಗಿತ್ತು. ಸಂಘದ ಸದಸ್ಯನೂ ಮೂಳೆ ವೈದ್ಯನೂ ಆದ ಡಾಕ್ಟರ್ ತೊಕುದಾ ಅದನ್ನು ಮಾರ್ಚ್ ತಿಂಗಳ ಮೊದಲ ಸೋಮವಾರ ಬದಲಿಸುವುದೆಂದು ಗೊತ್ತುಮಾಡಿದ್ದರು. ಆಮೇಲೆ ಸ್ಕೀ ಮಾಡಬಹುದಾ ಎಂದು ಕೇಳಿದ್ದಕ್ಕೆ, "ಮಾಡಬಹುದು, ಮಾಡದೇ ಇರಬಹುದು. ಇದು ವೈದ್ಯಕೀಯ ಅಭಿಪ್ರಾಯ," ಅಂದಿದ್ದರು. ಆದ್ದರಿಂದ ವೆಂಡೆಲ್‌ಗೆ ಉಳಿದ ಆಸೆ ಒಂದೇ. ಆ ಸೋಮವಾರದೊಳಗೆ ಒಂದು ಸಲ, ಮಂಡಿಮಟ್ಟ ಒಣಹಿಮ ಬಿದ್ದ ದಿನ, ಸಂಘದ ಮನೆಯೆದುರಿನ ಬೋಗುಣಿಯಂಥ ಉತ್ತರದ ಕಣಿವೆಯಲ್ಲಿ ಮೇಲಿಂದ ಕೆಳಗಿನವರೆಗೆ ಜಾರಬೇಕು. ನಲವತ್ತು ವರ್ಷದಲ್ಲಿ ಅಂಥ ದಿನ ಎರಡೇ ಎರಡು ಸಲ ಸಿಕ್ಕಿತ್ತು.

ನಿಯಮಾವಳಿಯನ್ನು ಅವನು ಅಕ್ಟೋಬರಿನಲ್ಲಿ ಬರೆದು ಮುಗಿಸಿದ. ನಿವೃತ್ತಿಯಾಗುವ ಮುಂಚೆ ಮೂವತ್ತೊಂದು ವರ್ಷ ಕಾರುಗಳನ್ನು ಸಾಲುಸಾಲಾಗಿ ಹಡಗಿಗೆ ಹತ್ತಿಸುವ ಕೆಲಸ ಮಾಡಿದವನು. ಸಾಲು ತಪ್ಪುವುದನ್ನು ಕಂಡರೆ ಮೈ ಉರಿಯುತ್ತಿತ್ತು.

"ನಿಯಮ ೩. ಯಾವನೇ ಸದಸ್ಯನು ಮೂರು ಜೊತೆಗಿಂತ ಹೆಚ್ಚಿನ ಸ್ಕೀಗಳನ್ನು ಒಣಗುಕೋಣೆಯಲ್ಲಿ ಇಡತಕ್ಕದ್ದಲ್ಲ: ಸೊಂಟ ಕಿರಿದಾದುದು ಒಂದು, ನಡುವಿನದು ಒಂದು, ಅಗಲದ್ದು ಒಂದು. ಮಾರ್ಗದರ್ಶನಾರ್ಥವಾಗಿ ಗೋಡೆಗೆ ತೂಗುಹಾಕಿದ ಮಾದರಿಗಳಿಗೆ ಇದು ಅನ್ವಯಿಸುವುದಿಲ್ಲ.

"ನಿಯಮ ೫. ಆ ದಿನದ ಹಿಮಕ್ಕೆ ಮೂರರಲ್ಲಿ ಯಾವುದು ತಕ್ಕುದೆಂದು ತೀರ್ಮಾನವಾಗುವ ತನಕ ಕೋಣೆಗೆ ಬೀಗ ಹಾಕಿರತಕ್ಕದ್ದು. ಬೀಗದ ಕೈ ಕಾರ್ಯದರ್ಶಿಯ ಕೊರಳಲ್ಲಿರತಕ್ಕದ್ದು.

"ನಿಯಮ ೭. ಒಂದು ಹಿಡಿ ಹಿಮವನ್ನು ಕಾಫಿ ಬಟ್ಟಲಿನ ಮೇಲೆ ಒಂದು ನಿಮಿಷ ಹಿಂಡಿ ಹನಿ ಎಣಿಸತಕ್ಕದ್ದು. ನಲವತ್ತು ಮೀರಿದರೆ ಕಿರಿದು. ಹದಿನೈದರಿಂದ ನಲವತ್ತಕ್ಕೆ ನಡುವಿನದು. ಐದರಿಂದ ಹದಿನಾಲ್ಕಕ್ಕೆ ಅಗಲದ್ದು. ಐದಕ್ಕಿಂತ ಕಡಿಮೆ ಬಂದಲ್ಲಿ ಅಳತೆ ತಪ್ಪೆಂದು ಭಾವಿಸಿ, ಸರಿಯಾದ ಅಳತೆ ಬರುವವರೆಗೆ ಪುನಃ ಹಿಂಡತಕ್ಕದ್ದು."

"ಐದಕ್ಕಿಂತ ಕಡಿಮೆ ಬರೋದುಂಟಾ?" ಎಂದು ಕೇಳಿದರು ಅಧ್ಯಕ್ಷೆ ರೊಬರ್ಟಾ ಕ್ವಿಗ್ಲಿ.

ವೆಂಡೆಲ್‌ಗೆ ಆ ಎರಡು ದಿನಗಳು ನೆನಪಾದವು. ಆದರೆ ನಲವತ್ತು ವರ್ಷಕ್ಕೆ ಎರಡು ದಿನ ಅಂದರೆ ಲೆಕ್ಕಕ್ಕೆ ತಗೊಳ್ಳುವ ಬಾಬತ್ತಲ್ಲ. "ಇಲ್ಲ. ಇದು ಸುಮ್ನೆ ಮುಂಜಾಗ್ರತೆಗೆ," ಅಂದ. ಮಾತು ಗಂಭೀರವಾಗಿ ಕೇಳಿಸಿತು. ಎಲ್ಲರೂ ಕೈ ಎತ್ತಿದರು.

ವೆಂಡೆಲ್ ಮೂರು ಜೊತೆ ಆರಿಸಿಕೊಂಡು, ಉಳಿದ ಎಂಟನ್ನು ಮಾರ್ಗದರ್ಶನಾರ್ಥವಾಗಿ ಗೋಡೆಗೆ ತೂಗುಹಾಕಿದ. ಮಿಕ್ಕ ಸದಸ್ಯರಲ್ಲೂ ಮಾರ್ಗದರ್ಶನ ಮಾಡುವ ಹಂಬಲವಿತ್ತೆಂದು ಆಗ ತಿಳಿದುಬಂತು. ಡಿಸೆಂಬರಿನ ಎಣಿಕೆಯಲ್ಲಿ ಒಟ್ಟು ಮುನ್ನೂರ ಮೂವತ್ತೆರಡು ಜೊತೆ ಸಿಕ್ಕವು. ನಿಯಮ ಯಶಸ್ವಿಯಾಗಿದೆ ಎಂದು ಸಭೆ ದಾಖಲಿಸಿತು.

ಹೀಗೆ ಚಳಿಗಾಲವಿಡೀ ಐವತ್ತು, ಅರವತ್ತು ಹನಿ ಸುರಿದವು. ಆಪರೇಷನ್ನಿಗೆ ಎರಡು ದಿನ ಉಳಿದಿರುವಾಗ, ಶನಿವಾರ ಬೆಳಿಗ್ಗೆ ಏಳು ಗಂಟೆಗೆ ವೆಂಡೆಲ್ ಸಂಘದ ಮನೆಯ ಬಾಗಿಲು ತೆರೆದರೆ, ಆಕಾಶ ತಿಳಿಯಾಗಿತ್ತು. ಮೆಟ್ಟಿಲ ಮೇಲೆ ಮಂಡಿಮಟ್ಟ ಹಿಮ. ಒಂದು ಹಿಡಿ ತೆಗೆದು ಬಟ್ಟಲ ಮೇಲೆ ಹಿಂಡಿದ. ಹಿಮ ಮೈದಾಹಿಟ್ಟಿನ ಹಾಗೆ ಬೆರಳ ಸಂದಿಯಿಂದ ಉದುರಿಹೋಯಿತು.

"ಸೊನ್ನೆ," ಅಂದರು ಹನಿ ಎಣಿಸುವ ಹೊಣೆ ಹೊತ್ತಿದ್ದ ಡಾಕ್ಟರ್ ತೊಕುದಾ.

"ಹಾಗಾದ್ರೆ ತಪ್ಪಾಗಿದೆ," ಅಂದರು ರೊಬರ್ಟಾ. "ಇನ್ನೊಂದ್ಸಲ ಹಿಂಡಿ."

ಇನ್ನೊಂದು ಸಲವೂ ಸೊನ್ನೆ. ಗ್ಲೋವ್ಸ್ ಬದಲಾಯಿಸಿದರು. ಬಟ್ಟಲಿನಲ್ಲೇ ದೋಷವಿರಬಹುದೆಂದು ಬೇರೆ ಬಟ್ಟಲು ತರಿಸಿದರು. ಒಂಬತ್ತು ಗಂಟೆಗೆ, ಜನರನ್ನು ಬೆಟ್ಟದ ತುದಿಗೆ ಹೊತ್ತೊಯ್ಯುವ ಲಿಫ್ಟು ಶುರುವಾಯಿತು. ಬೂಟು ಬಿಗಿದುಕೊಂಡು ಕೂತಿದ್ದ ಇಪ್ಪತ್ತಾರು ಸದಸ್ಯರಲ್ಲಿ ಕೊಳಾಯಿ ಕೆಲಸದವನೊಬ್ಬ ಎದ್ದು, "ಬೀಗ ತೆಗೆದುಬಿಟ್ರೆ ಏನಾಗುತ್ತೆ?" ಎಂದು ಕೇಳಿದ.

"ತೆಗೆದು ಯಾವ ಜೊತೆ ತಗೊಂಡ್ಹೋಗ್ತೀರಿ?" ಅಂದರು ರೊಬರ್ಟಾ.

ಅವನು ಯೋಚಿಸಿದ. ಕ್ಷಮಿಸಿ ಎಂದು ಕೂತುಕೊಂಡ.

ಮಾರ್ಲಿಸ್ ಸದಸ್ಯೆಯಲ್ಲ, ಅತಿಥಿ. ಅತಿಥಿಗಳ ಸ್ಕೀಗೆ ಒಣಗುಕೋಣೆಯಲ್ಲಿ ಜಾಗವಿಲ್ಲವಾದ್ದರಿಂದ, ಹನ್ನೆರಡು ವರ್ಷದ ಹಿಂದೆ ಶಾಲೆಯ ಹಳೇ ಸಾಮಾನಿನ ಮಾರಾಟದಲ್ಲಿ ಕೊಂಡ ಅವಳ ಒಂದೇ ಜೊತೆ ಹೊರಗೆ ಸೌದೆಗೆ ಒರಗಿತ್ತು. ಅದರ ಸೊಂಟ ಎಷ್ಟು ಮಿಲಿಮೀಟರೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

"ಬರ್ತೀಯಾ ಇಲ್ವಾ?" ಅಂದಳು ಬಾಗಿಲಲ್ಲಿ ನಿಂತು. "ಬೀಗದ ಕೈ ನಿನ್ನ ಕೊರಳಲ್ಲೇ ಇದೆ."

"ಬಂದೆ. ಇದೊಂದು ಅಳತೆ ಆಗ್ಲಿ."

"ಸೋಮವಾರ ನಿನ್ನ ಮಂಡಿ ಕುಯ್ತಾರೆ, ವೆಂಡೆಲ್."

"ಗೊತ್ತು ಮಾರಾಯ್ತಿ."

"ಈ ಬಟ್ಟಲು ಹಿಡ್ಕೊಂಡಿರೋ ಮನುಷ್ಯಾನೇ ಕುಯ್ಯೋದು."

"ಹೌದು, ನಾನೇ," ಅಂದರು ತೊಕುದಾ, ಬಟ್ಟಲಿನಿಂದ ಕಣ್ಣೆತ್ತದೆ. "ಸೊನ್ನೆ."

ಅವಳು ಹೋದಳು. ಕಿಟಕಿಯಲ್ಲಿ ಉತ್ತರದ ಕಣಿವೆ ಪೂರ್ತಿ ಕಾಣುತ್ತಿತ್ತು. ಹತ್ತು ಗಂಟೆಗೆ ಅಲ್ಲಿ ಸ್ಕೀ ಜಾರಿದ ಒಂದು ಗೆರೆ ಮೂಡಿತು, ಸೊಟ್ಟಸೊಟ್ಟಗೆ, ಖುಷಿಯಾಗಿ. ಮಧ್ಯಾಹ್ನದ ಹೊತ್ತಿಗೆ ಆರು ಗೆರೆಗಳಿದ್ದವು. ಆರೂ ಒಬ್ಬಳದ್ದೇ. ವೆಂಡೆಲ್‌ನ ಕೈ ಎರಡು ಸಲ ಕೊರಳಿಗೆ ಹೋಗಿ ಬಂತು. ನಿಯಮವನ್ನು ಇನ್ಯಾರಾದರೂ ಬರೆದಿದ್ದರೆ ಇಷ್ಟು ಹೊತ್ತಿಗೆ ಅವನು ಅದನ್ನು ಒಲೆಗೆ ಹಾಕಿರುತ್ತಿದ್ದ. ಆದರೆ ಇಪ್ಪತ್ತಾರು ಮಂದಿ ಅವನ ಮುಖವನ್ನೇ ನೋಡುತ್ತಿದ್ದರು, ಅದೂ ನಂಬಿಕೆಯಿಂದ. ಅವನು ಮತ್ತೊಂದು ಹಿಡಿ ಹಿಮ ತಂದು ಹಿಂಡಿದ.

ಎರಡೂ ಐವತ್ತಕ್ಕೆ ಕಡಲ ಕಡೆಯ ಬೆಚ್ಚನೆ ಗಾಳಿ ತಿರುಗಿತು. ಮೂವತ್ತೆಂಟನೆಯ ಹಿಂಡುವಿಕೆಯಲ್ಲಿ ಮೂರು ಹನಿ ಬಿದ್ದವು. ಮೂರು ಗಂಟೆ ಹತ್ತು ನಿಮಿಷಕ್ಕೆ, ಧೋ ಎಂದು ಸುರಿಯುವ ಮಳೆಯಲ್ಲಿ ಮುಂದಿನ ಹಿಡಿ ಹಿಂಡಿದಾಗ, ತೊಕುದಾ ನಡುಗುವ ದನಿಯಲ್ಲಿ "ನಲವತ್ಮೂರು" ಅಂದರು. ಜನ ಚಪ್ಪಾಳೆ ತಟ್ಟಿದರು. ರೊಬರ್ಟಾ ಅವರ ಕಣ್ಣಲ್ಲಿ ನೀರಾಡಿತು. ವೆಂಡೆಲ್ ಬೀಗ ತೆಗೆದು, ಕಿರಿದಾದ ಜೊತೆ ತೆಗೆದುಕೊಳ್ಳತಕ್ಕದ್ದೆಂದು ಘೋಷಿಸಿದ. ಎಲ್ಲರೂ ಶಿಸ್ತಾಗಿ ಹೋಗಿ ಲಿಫ್ಟಿನ ಮುಂದೆ ಸಾಲುಗಟ್ಟಿ ನಿಂತರು. ಲಿಫ್ಟು ಮೂರೂವರೆಗೆ ನಿಂತಿತು. ಎಲ್ಲರೂ ಶಿಸ್ತಾಗಿ ವಾಪಸು ಬಂದರು.

ಸಂಜೆಯ ನಡಾವಳಿಯಲ್ಲಿ ಹೀಗೆ ದಾಖಲಾಗಿದೆ: "ಬೆಳಗಿನಿಂದ ತೆಗೆದ ಮೂವತ್ತೆಂಟು ಅಳತೆಗಳು ತಪ್ಪಾಗಿದ್ದು, ಸದಸ್ಯರ ತಾಳ್ಮೆಯಿಂದಾಗಿ ಸರಿಪಡಿಸಲಾಯಿತು. ತನ್ನ ಜೀವಮಾನದಲ್ಲೇ ಇಂಥ ಹಿಮ ಕಂಡಿಲ್ಲವೆಂದು ಓರ್ವ ಅತಿಥಿ ಹೇಳಿಕೆ ನೀಡಿದ್ದು, ಅದು ಅವರ ವೈಯಕ್ತಿಕ ಅಭಿಪ್ರಾಯವಾಗಿರುತ್ತದೆ." ಆ ಅತಿಥಿ ಪಕ್ಕದಲ್ಲೇ ಕೂತು ಸೂಪು ಕುಡಿಯುತ್ತ ಅದನ್ನು ಓದಿದಳು. ಗಂಡನ ಮಂಡಿಯ ಮೇಲೆ ಕೈಯಿಟ್ಟಳು.

ಸೋಮವಾರ ಆಪರೇಷನ್ ಕೋಣೆಯಲ್ಲಿ ಡಾಕ್ಟರ್ ತೊಕುದಾ ಬಾಗಿ, "ವೆಂಡೆಲ್, ಒಂದು ನಿರ್ಣಯ ಮಂಡಿಸ್ಬೇಕು ಅಂತಿದೀನಿ," ಅಂದರು. "ಶನಿವಾರ ಪರಿಶೀಲನೆ ಆಗದ ಹಿಮದ ಮೇಲೆ ಒಬ್ಬ ಸದಸ್ಯನೂ ಕಾಲಿಡದ ಹಾಗೆ ನೋಡ್ಕೊಂಡಿದ್ದಕ್ಕೆ, ಕಾರ್ಯದರ್ಶಿಗೆ ಸಂಘದ ಕೃತಜ್ಞತೆ."

"ವಿರೋಧ ಯಾರಾದ್ರೂ ಇದಾರಾ?"

"ಒಬ್ರೂ ಇಲ್ಲ. ಫೋನ್ ಮಾಡಿ ಕೇಳ್ದೆ."

"ಸರ್ವಾನುಮತದಿಂದ ಅಂತ ಬರ್ಕೊಳಿ," ಅಂದ ವೆಂಡೆಲ್. ಕಣ್ಣು ಒರೆಸಿಕೊಳ್ಳೋಣವೆಂದರೆ ಒಂದು ಕೈಗೆ ಸೂಜಿ ಚುಚ್ಚಿದ್ದರು, ಇನ್ನೊಂದನ್ನು ಪಟ್ಟಿಯಿಂದ ಬಿಗಿದಿದ್ದರು. ನರ್ಸು ಒರೆಸಿದಳು. ನಿರ್ಣಯ ಅಂಗೀಕಾರವಾಯಿತು.