ಒತ್ತಡದ ಗಾಳಿಗೆ ಇಪ್ಪತ್ತೈದು ಸಾಲು

ಗಾಳಿ ಕಣ್ಣಿಗೆ ಕಾಣುವುದಿಲ್ಲ. ಬಹುಶಃ ಆ ಕಾರಣಕ್ಕೇ, ಗಾಳಿಯನ್ನು ಕೊಳವೆಯಲ್ಲಿ ತುಂಬಿಟ್ಟ ಜಾಗಕ್ಕೆ ಬರುವಾಗ ಮನುಷ್ಯರು ವಿವೇಕವನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರುತ್ತಾರೆ. ಲಕಮನಹಳ್ಳಿಯಲ್ಲಿರುವ ನನ್ನ ತಮ್ಮನ ಕಾರ್ಖಾನೆಯಲ್ಲಿ ಇದನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ.

ಅಲ್ಲಿ ನೀರೆತ್ತುವ ಪಂಪಿನ ಬಿಡಿಭಾಗಗಳು ತಯಾರಾಗುತ್ತವೆ. ಯಂತ್ರದಲ್ಲಿ ತುಂಡನ್ನು ಬಿಗಿಯಾಗಿ ಹಿಡಿಯುವುದು, ಕೊರೆದ ಚೂರುಗಳನ್ನು ಊದಿ ತೆಗೆಯುವುದು, ಬಣ್ಣ ಸಿಂಪಡಿಸುವುದು, ಎಲ್ಲವೂ ಕಂಪ್ರೆಸರ್ ಒತ್ತಿ ಕಳಿಸುವ ಗಾಳಿಯಿಂದಲೇ. ಕಚೇರಿ, ಹಾಜರಿ ಮತ್ತು ಶಿಸ್ತು ನನ್ನ ಪಾಲಿನ ಕೆಲಸ. ಶಾಲೆಯ ಟೀಚರಮ್ಮನನ್ನು ಕರೆದಂತೆ ಎಲ್ಲರೂ ನನ್ನನ್ನು ‘ಬಾಯಾರು’ ಎಂದು ಕರೆಯುತ್ತಾರೆ.

ಗಾಳಿಯನ್ನು ದುರುಪಯೋಗ ಮಾಡಿದವರಿಗೆ ನಾನು ವಿಧಿಸುವ ಶಿಕ್ಷೆ ಒಂದೇ. ಅದನ್ನು ನನ್ನ ಕಾನ್ವೆಂಟಿನ ಸಿಸ್ಟರುಗಳಿಂದ ಕಲಿತೆ. ‘ಒತ್ತಡದ ಗಾಳಿಯನ್ನು ಕೆಲಸಕ್ಕಲ್ಲದೆ ಬಳಸುವುದಿಲ್ಲ’ ಎಂದು ಇಪ್ಪತ್ತೈದು ಸಲ, ದುಂಡಗೆ, ನೇರವಾಗಿ ಬರೆಯಬೇಕು. ಮೀಸೆ ಹಣ್ಣಾದವರಿಗೂ ರಿಯಾಯಿತಿ ಇಲ್ಲ.

ಶೇಂಗಾ

ಮೀಸೆ ಹಣ್ಣಾದವರಲ್ಲಿ ಮೊದಲಿಗರು ನಮ್ಮ ಫೋರ್ಮನ್ನರು. ಕಾರ್ಖಾನೆಯ ಮೊದಲ ದಿನದಿಂದ ಇದ್ದವರು, ಎಲ್ಲರಿಗೂ ‘ಕಾಕಾ’. ಒಂದು ಮಧ್ಯಾಹ್ನ ಅವರು ಹುರಿದ ಶೇಂಗಾವನ್ನು ಮೊರದಲ್ಲಿ ತಿಕ್ಕಿ, ಹೊಟ್ಟು ಹಾರಿಸಲೆಂದು ಗಾಳಿಯ ಗನ್ ಹಿಡಿದರು. ಹೊಟ್ಟು ಹಾರಿತು. ಅದರ ಹಿಂದೆ ಶೇಂಗಾ ಹಾರಿತು. ಶೇಂಗಾದ ಹಿಂದೆ ಮೊರವೂ ಹೊರಟಿತು. ಆಗಷ್ಟೇ ನೀಲಿ ಬಣ್ಣ ಹೊಡೆದು ಒಣಗಲು ಇಟ್ಟಿದ್ದ ಪಂಪಿನ ಮುಚ್ಚಳಗಳ ಮೇಲೆಲ್ಲ ಹೊಟ್ಟು ಅಂಟಿತು.

ಇಪ್ಪತ್ತೈದು ಸಾಲು ಬರೆದು ತಂದರು. ನಾನು ಪರೀಕ್ಷಿಸಿದೆ.

“ಹದಿನೇಳನೆಯ ಸಾಲು ಓರೆಯಾಗಿದೆ. ಮತ್ತೆ ಬರೆಯಿರಿ.”

ಅವರು ಕಾಗದವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. “ಬಾಯಾರ, ಮಷಿನ್ ಓರಿ ಆದ್ರ ನಟ್ ಸಡಲ ಮಾಡಿ ಸರಿ ಕೂಡಸ್ತೇನಿ. ಈ ಸಾಲಿಗೆ ಯಾವ ಪಾನಾ ಹಚ್ಚಲಿ, ಅದನ್ನರ ಹೇಳ್ರಿ.”

ವರನ ಅಂಗಿ

ನಮ್ಮ ಲೇತ್ ಯಂತ್ರದ ತರುಣನೊಬ್ಬನಿಗೆ ಬೈರಿದೇವರಕೊಪ್ಪದಲ್ಲಿ ಹೆಣ್ಣು ನೋಡುವ ಕಾರ್ಯಕ್ರಮವಿತ್ತು. ಅರ್ಧ ದಿನದ ರಜೆ ಕೇಳಿದ, ಕೊಟ್ಟೆ. ಅವನು ನಲ್ಲಿಯ ಕೆಳಗೆ ತಲೆ ತೊಳೆದು, ಹೊಸ ಬಿಳಿ ಅಂಗಿ ತೊಟ್ಟು, ಕೂದಲು ಲಗೂ ಒಣಗಲೆಂದು ಗಾಳಿಯ ಗನ್ನನ್ನು ತಲೆಗೆ ಹಿಡಿದ. ನಮ್ಮ ಹಳೆಯ ಕಂಪ್ರೆಸರಿಗೆ ಗಾಳಿಯ ಜೊತೆ ಎಣ್ಣೆಯನ್ನೂ ಉಗುಳುವ ಅಭ್ಯಾಸವಿತ್ತು. ಅಂಗಿಯ ತುಂಬ ಕಪ್ಪು ಚುಕ್ಕೆಗಳು ಮೂಡಿದವು.

ಬದಲಿಸಲು ಬೇರೆ ಅಂಗಿ ಇರಲಿಲ್ಲ. ಹಾಗೆಯೇ ಹೋದ. ಮರುದಿನ, ಬರೆಯಬೇಕಾದ ಸಾಲುಗಳನ್ನು ಕೇಳುವ ಮೊದಲೇ ಪೇಢೆಯ ಪೊಟ್ಟಣ ಹಿಡಿದು ನನ್ನೆದುರು ನಿಂತ.

“ಲಗ್ನ ಗಟ್ಟಿ ಆತ್ರಿ ಬಾಯಾರ. ಹುಡುಗಿ ಅಪ್ಪ ಅಂದ್ರು, ‘ಬಂದ ಹುಡುಗರೆಲ್ಲ ಪೌಡರ್ ಬಡಕೊಂಡು ಬಂದ್ರು. ಇಂವ ಒಬ್ಬನ ನೋಡಪಾ, ದುಡಿಯೂದು ಬಿಟ್ಟು ಸೀದಾ ಎದ್ದು ಬಂದಾನ!’”

ಪೇಢೆ ತೆಗೆದುಕೊಂಡೆ. ಸಾಲುಗಳನ್ನೂ ಬರೆಸಿದೆ. ಹದಿನೈದನೆಯದಕ್ಕೆ ಬಂದಾಗ ಅವನು ಕೇಳಿದ, “ಬಾಯಾರ, ಒಂದು ಮಾತರಿ. ಲಗ್ನದ ದಿನಾನೂ ಅದ ಅಂಗಿ ಹಾಕ್ಕೊಳ್ಳಲೇನ್ರಿ?”

ಕಬ್ಬಿನ ಗಾಣ

ಕಡೆಗೆ ಈ ವರ್ಷ ತಮ್ಮ ಹಳೆಯ ಪಿಸ್ಟನ್ ಕಂಪ್ರೆಸರನ್ನು ತೆಗೆದು ಸ್ಕ್ರೂ ಕಂಪ್ರೆಸರ್ ತಂದ. ಹಳೆಯದು ಧಡ್ ಧಡ್ ಎನ್ನುತ್ತಿತ್ತು. ಫೋರ್ಮನ್ನರು ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಅದರ ಮೈಗೆ, ಇನ್ನೊಂದನ್ನು ತಮ್ಮ ಕಿವಿಗೆ ಹಚ್ಚಿ ಅದರ ಕಾಯಿಲೆ ಹೇಳುತ್ತಿದ್ದರು. ಹೊಸದು ದೊಡ್ಡ ಕಪಾಟಿನಂತಿದೆ. ಗುಂಯ್ ಎಂದು ಮೆಲ್ಲಗೆ ಉಸುರುತ್ತದೆ. ಮೊದಲ ದಿನ ಫೋರ್ಮನ್ನರು ಅದು ನಿಂತಿದೆಯೆಂದು ತಿಳಿದು ಮೂರು ಸಲ ಚಾಲೂ ಮಾಡಲು ಹೋಗಿ ಮೂರು ಸಲವೂ ನಿಲ್ಲಿಸಿದರು.

ತಮ್ಮ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ. “ಅಕ್ಕಾ, ಹಳೇ ಮಷಿನ್ ಜೋಡಿ ಕಾಕಾಗೂ ಒಂದು ಶಾಲು ಹೊಚ್ಚಿ ಮನಿಗೆ ಕಳಸೂಣು. ವಯಸ್ಸಾತು. ಕಿವೀನೂ ಹೋಗಿರಬೇಕು.”

“ದೀಪಾವಳಿಯವರೆಗೆ ನೋಡೋಣ” ಎಂದೆ.

ಕಚೇರಿಯ ಗೋಡೆ ತೆಳುವು. ಮರುದಿನದಿಂದ ಫೋರ್ಮನ್ನರು ಊಟದ ಹೊತ್ತಿನಲ್ಲೂ ಹೊಸ ಯಂತ್ರದ ಎದುರಿಗೇ ಕುಳಿತುಕೊಳ್ಳತೊಡಗಿದರು. ನಾನು ಕಾರಣ ಕೇಳಿದಾಗ, “ಮನ್ಯಾಗ ಕುಂತು ಏನ್ ಕೇಳಲ್ರಿ ಬಾಯಾರ? ಗ್ವಾಡಿ ಸಪ್ಪಳ ಮಾಡಂಗಿಲ್ಲ” ಎಂದರು.

ಯಂತ್ರ ಮಾರಿದವರ ದೇಶಪಾಂಡೆ ನಗರದ ಕಚೇರಿಯಿಂದ ಎಂಜಿನಿಯರ್ ಹುಡುಗಿಯೊಬ್ಬಳು ಬಂದು ಅವರಿಗೆ ಪಾಠ ಹೇಳಿದಳು. “ಒಳಗ ಎರಡು ಸ್ಕ್ರೂ ಒಂದಕ್ಕೊಂದು ಹೊಂದಿಕೊಂಡು ತಿರಗತಾವ್ರಿ ಕಾಕಾ. ನಡುವ ಸಿಕ್ಕ ಗಾಳೀನ ಒತ್ತಿ ಒತ್ತಿ ಮುಂದ ದಬ್ಬತಾವು.”

“ಅಂದ್ರ ಕಬ್ಬಿನ ಗಾಣ ಇದ್ದಂಗ?”

“ಹೂಂ, ಹಂಗ ತಿಳಕೋರಿ.”

ಅದೇ ಕ್ಷಣಕ್ಕೆ ಯಂತ್ರದ ಅಡಿಯ ಕೊಳವೆಯಿಂದ ನೀರು ಚುಳ್ಳೆಂದು ಚರಂಡಿಗೆ ಬಿತ್ತು. ಗಾಳಿಯಲ್ಲಿರುವ ತೇವ ಹೀಗೆ ನೀರಾಗಿ ಹೊರಹೋಗುತ್ತದೆಂದು ಆಕೆ ವಿವರಿಸಿದಳು. ಫೋರ್ಮನ್ನರು ಬಗ್ಗಿ ಆ ನೀರಿಗೆ ಬೆರಳು ಹಚ್ಚಿ ನೋಡಿದರು.

“ಅಲ್ಲ ತಂಗಿ, ಇಷ್ಟು ದೊಡ್ಡ ಮಂದಿ ನೀವು. ಕಬ್ಬಿನ ಹಾಲು ಗಟಾರಕ್ಕ ಬಿಟ್ಟು ನಮಗ ಬರೇ ಸಿಪ್ಪಿ ಕಳಸ್ತೀರಲ್ಲ!”

ಬನ್ನಿ

ದಸರೆ ಮುಗಿದು ಕೆಲಸ ಆರಂಭವಾದ ದಿನ ಎಲ್ಲರೂ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟುಕೊಂಡರು. ಫೋರ್ಮನ್ನರಿಗೆ ಹೊಸ ಯಂತ್ರದೊಂದಿಗೆ ಸಂಬಂಧ ಸುಧಾರಿಸುವ ಮನಸ್ಸಾಯಿತು. ಕೈಯಲ್ಲಿ ನಾಲ್ಕು ಎಲೆ ಹಿಡಿದು, ಅದರ ಪಕ್ಕದ ಜಾಲರಿಯ ಬಳಿಗೆ ಒಯ್ದು, “ಬನ್ನಿ ತಗೊಂಡು ಬಂಗಾರದಂಗ ಇರೂಣು” ಎಂದರು.

ಆ ಜಾಲರಿ ಯಂತ್ರ ತಂಪಾಗಿರಲೆಂದು ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುವ ಜಾಗ. ಎಲೆಗಳು ಚಟ್ಟನೆ ಹಾರಿ ಅದಕ್ಕೆ ಅಂಟಿಕೊಂಡವು.

“ತಗೊಂತರಿ! ತಾನ ಕೈ ಚಾಚಿ ತಗೊಂತು!” ಎಂದು ಅವರು ಕೂಗಿದರು.

ಇನ್ನು ಕೇಳಬೇಕೆ? ಇಡೀ ಕಾರ್ಖಾನೆ ಸಾಲುಗಟ್ಟಿ ಯಂತ್ರಕ್ಕೆ ಬನ್ನಿ ಕೊಟ್ಟಿತು. ಅದು ಯಾರನ್ನೂ ನಿರಾಶೆಗೊಳಿಸಲಿಲ್ಲ. ಅರ್ಧ ಗಂಟೆಯಲ್ಲಿ ಜಾಲರಿ ಸಂಪೂರ್ಣ ಮುಚ್ಚಿಹೋಗಿ, ಯಂತ್ರ ಕಾದು, ಕೆಂಪು ದೀಪ ಹತ್ತಿಸಿಕೊಂಡು ನಿಂತುಬಿಟ್ಟಿತು. ತಮ್ಮ ನನ್ನ ಕಡೆ ನೋಡಿ, ಎರಡೂ ಕೈಗಳಿಂದ ತನ್ನ ಹೆಗಲಿಗೆ ಶಾಲು ಹೊಚ್ಚಿಕೊಂಡಂತೆ ಅಭಿನಯಿಸಿದ.

ಎಂಜಿನಿಯರ್ ಹುಡುಗಿ ಬಂದು ಬುಟ್ಟಿಯಷ್ಟು ಎಲೆ ತೆಗೆದಳು. ಆಮೇಲೆ ವರದಿಯ ಹಾಳೆ ಹಿಡಿದು ನನ್ನ ಬಳಿ ಬಂದಳು. “ಬಾಯಾರ, ಕೆಟ್ಟಿದ್ದಕ್ಕ ಕಾರಣ ಏನಂತ ಬರೀಲ್ರಿ?”

“ಶುಭಾಶಯಗಳ ಅತಿಸೇವನೆ ಎಂದು ಬರೆಯಿರಿ” ಎಂದೆ.

ನನ್ನ ಕಿವಿ

ಇಲ್ಲಿ ನನ್ನದೊಂದು ವಿಷಯ ಹೇಳಬೇಕು. ಹಳೆಯ ಯಂತ್ರದ ಸದ್ದು ನಿಂತ ದಿನದಿಂದ ನನ್ನ ಕಿವಿಯಲ್ಲಿ ‘ಬುಸ್’ ಎಂಬ ಶಬ್ದ ಆರಂಭವಾಗಿತ್ತು. ವೈದ್ಯರನ್ನು ಕಂಡೆ.

“ಯಾವಾಗಲೂ ಇರತದೇನ್ರಿ?”

“ಭಾನುವಾರ ಮನೆಯಲ್ಲಿದ್ದಾಗ ಇರುವುದಿಲ್ಲ.”

“ಹಂಗಾದ್ರ ಟೆನ್ಶನ್ನರಿ” ಎಂದು ಕಿವಿಗೆ ಹಾಕುವ ಹನಿಗಳನ್ನು ಬರೆದುಕೊಟ್ಟರು. ಶಿಸ್ತಿನಿಂದ ದಿನಕ್ಕೆ ಮೂರು ಸಲ ಹಾಕಿಕೊಂಡೆ. ಗುಣವಾಗಲಿಲ್ಲ.

ಕೊನೆಯ ಸೋರಿಕೆ

ದೀಪಾವಳಿ ಹತ್ತಿರ ಬಂತು. ಊಟದ ವಿರಾಮದಲ್ಲಿ ಯಾರೂ ಗಾಳಿ ಬಳಸದಿದ್ದಾಗಲೂ ಹೊಸ ಯಂತ್ರ ವಿಶ್ರಾಂತಿ ಪಡೆಯದೆ ದುಡಿಯುತ್ತಿರುವುದನ್ನು ಎಂಜಿನಿಯರ್ ಹುಡುಗಿ ಕಂಡುಹಿಡಿದಳು. ಎಲ್ಲೋ ಗಾಳಿ ಸೋರುತ್ತಿದೆ ಎಂದಳು.

“ಕಾಕಾಗ ಕಿವಿ ಇದ್ರ ಹುಡುಕಲಿ” ಎಂದ ತಮ್ಮ. “ರವಿವಾರ ನೋಡೇ ಬಿಡೂಣು. ಸಿಗಲಿಲ್ಲಂದ್ರ, ಅಕ್ಕಾ, ನೀ ಅಡ್ಡ ಬರಬಾರದು.”

ಆ ಭಾನುವಾರ ಕಂಪ್ರೆಸರ್ ಒಂದನ್ನು ಬಿಟ್ಟು ಎಲ್ಲವನ್ನೂ ನಿಲ್ಲಿಸಲಾಯಿತು. ನಾಲ್ವರೇ ಇದ್ದೆವು; ನಾನು ನನ್ನ ಕೋಣೆಯಿಂದಲೇ ನೋಡುತ್ತಿದ್ದೆ. ಫೋರ್ಮನ್ನರು ಸೀಮೆಸುಣ್ಣದ ಖಡು ಹಿಡಿದು, ಕಣ್ಣು ಅರೆಮುಚ್ಚಿ, ಕೊಳವೆಯ ಉದ್ದಕ್ಕೂ ನಡೆಯುತ್ತ ಅಲ್ಲಲ್ಲಿ ಗುರುತು ಹಾಕಿದರು. ಹುಡುಗಿ ಹಿಂದಿನಿಂದ ಸಾಬೂನಿನ ನೀರು ಹಚ್ಚುತ್ತ ಬಂದಳು. ಏಳು ಗುರುತು, ಏಳರಲ್ಲೂ ಗುಳ್ಳೆ ಎದ್ದಿತು.

“ಕಾಕಾ, ಸೋರಿಕಿ ಹುಡುಕಾಕ ಯಾವ ಮಷಿನ್ನೂ ಬ್ಯಾಡ. ನಿಮ್ಮ ಕಿವೀನ ಭಾಳ ಛಲೋ ಅದಾವು.”

ಏಳನ್ನೂ ಬಿಗಿ ಮಾಡಿದರು. ಆದರೂ ಒತ್ತಡದ ಮುಳ್ಳು ನಿಧಾನವಾಗಿ ಇಳಿಯುತ್ತಲೇ ಇತ್ತು.

“ಇನ್ನೂ ಒಂದೈತಿ, ಕಾಕಾ. ಅದ ಎಲ್ಲಾಕಿಂತ ದೊಡ್ಡದಿರಬೇಕು” ಎಂದ ತಮ್ಮ.

ಫೋರ್ಮನ್ನರು ನನ್ನ ಕೋಣೆಯ ಹೊಸ್ತಿಲವರೆಗೆ ಬಂದರು. ನನ್ನ ಮುಖ ನೋಡಿದರು. ತಲೆ ತಗ್ಗಿಸಿ ಹಿಂದಿರುಗಿದರು. “ಇಲ್ಲರಿ ಸಾಹೇಬ್ರ. ನನಗ ಮತ್ತೇನೂ ಕೇಳವಲ್ತು.”

ತಮ್ಮ ನಿಟ್ಟುಸಿರು ಬಿಟ್ಟ. ಫೋರ್ಮನ್ನರು ಖಡುವನ್ನು ಜೇಬಿಗೆ ಹಾಕಿಕೊಂಡು, ಕೈ ಒರೆಸಿಕೊಳ್ಳತೊಡಗಿದರು. ಅಷ್ಟರಲ್ಲಿ ಹುಡುಗಿ ನನ್ನ ಬಾಗಿಲಿಗೆ ಬಂದು ನಿಂತಳು.

“ಬಾಯಾರ, ನಿಮ್ಮ ರೂಮಿನ್ಯಾಗ ಏನೋ ಬುಸ್ ಅಂತೈತಲ್ರಿ?”

“ಅದು ನನ್ನ ಕಿವಿಯ ಶಬ್ದ” ಎಂದೆ, ಗಂಭೀರವಾಗಿ. “ವೈದ್ಯರು ಔಷಧ ಕೊಟ್ಟಿದ್ದಾರೆ.”

ಆಕೆ ಕಣ್ಣು ಪಿಳುಕಿಸಿದಳು. “ನಿಮ್ಮ ಕಿವಿ ಶಬ್ದ ನನಗ್ಯಾಕ ಕೇಳಸ್ತೈತ್ರಿ?”

ಭಾನುವಾರ ನನ್ನ ಕಿವಿಗೆ ರಜೆಯೆಂಬುದೂ, ಅಂದು ಭಾನುವಾರವೆಂಬುದೂ ಆಗಲೇ ನೆನಪಾಯಿತು.

ನನ್ನ ಕೋಣೆಯ ಕಡತಗಳ ಕಪಾಟು ಸರಿಸಿದರು. ಹಿಂದೆ ಗೋಡೆಯಿಂದ ತೆಳ್ಳನೆಯ ರಬ್ಬರ್ ಕೊಳವೆಯೊಂದು ಹೊರಬಂದು, ತುದಿಯಲ್ಲಿ ಬಿರುಕುಬಿಟ್ಟು, ಹಾವಿನಂತೆ ಬುಸುಗುಟ್ಟುತ್ತಿತ್ತು. ಎಷ್ಟೋ ವರ್ಷಗಳ ಹಿಂದೆ ನನ್ನ ಮೇಜಿನ ಮೇಲೆ ಟೈಪ್‌ರೈಟರ್ ಇತ್ತು. ಅದರ ಕೀಲಿಗಳ ಧೂಳು ಊದಲೆಂದು ನಾನೇ ಫೋರ್ಮನ್ನರಿಗೆ ಹೇಳಿ, ಸದ್ದಿಲ್ಲದೆ ಒಂದು ಕೊಳವೆ ಎಳೆಸಿಕೊಂಡಿದ್ದೆ. ಟೈಪ್‌ರೈಟರ್ ಹೋಯಿತು, ಕೊಳವೆ ಉಳಿಯಿತು. ಹಳೆಯ ಯಂತ್ರದ ಅಬ್ಬರ ಅದರ ಸದ್ದನ್ನು ಇಷ್ಟು ಕಾಲವೂ ಮುಚ್ಚಿಟ್ಟಿತ್ತು.

“ನನ್ನ ತಪ್ಪರಿ ಸಾಹೇಬ್ರ” ಎಂದು ಫೋರ್ಮನ್ನರು ಮುಂದೆ ಬಂದರು. “ನಾನ ಹಾಕಿದ್ದು, ನಾನ ಮರತಿದ್ದು.”

“ಸುಳ್ಳು ಹೇಳಬೇಡಿ. ಹಾಕಿಸಿದವಳು ನಾನು” ಎಂದೆ. “ನಿಮಗೆ ಈ ಸದ್ದು ಕೇಳಿಸಿತ್ತಲ್ಲವೇ?”

“ಹೊಸ ಮಷಿನ್ ಬಂದ ದಿನಾನ ಕೇಳಿತ್ತರಿ.”

“ಮತ್ತೆ ಏಕೆ ಹೇಳಲಿಲ್ಲ? ನಿಮ್ಮ ಕೆಲಸವೇ ಹೋಗುತ್ತಿತ್ತು.”

ಅವರು ಕಾಲಬುಡ ನೋಡಿಕೊಂಡು ಹೇಳಿದರು: “ತಪ್ಪು ಮಾಡಿದ್ರ ನಮಗೆಲ್ಲಾ ನೀವು ಬರಸ್ತೀರಿ ಬಾಯಾರ. ನಿಮಗ ಬರಸಾಕ ಇಲ್ಲೆ ಯಾರದಾರ್ರಿ?”

ತಮ್ಮ ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. ನಾನು ಅವನಿಗೆ ಹೇಳಿದೆ: “ಶಾಲಿನ ಮಾತು ಇನ್ನು ಬೇಡ. ಈ ಕಾರ್ಖಾನೆಯಲ್ಲಿ ನೆಟ್ಟಗಿರುವ ಕಿವಿ ಇವರೊಬ್ಬರದ್ದೇ.” ಮಾತು ಹೊರಡದೆ ಅವನು ತಲೆಯಾಡಿಸಿ ಒಪ್ಪಿದ.

ಸೋಮವಾರ ಮೊದಲ ಗಂಟೆಗೇ ನಾನು ಕುಳಿತು ‘ಒತ್ತಡದ ಗಾಳಿಯನ್ನು ಕೆಲಸಕ್ಕಲ್ಲದೆ ಬಳಸುವುದಿಲ್ಲ’ ಎಂದು ಇಪ್ಪತ್ತೈದು ಸಲ ಬರೆದೆ. ಒಯ್ದು ಫೋರ್ಮನ್ನರ ಕೈಗಿಟ್ಟೆ. ಸುತ್ತಲಿನ ಯಂತ್ರಗಳು ಒಂದೊಂದಾಗಿ ನಿಂತವು. ಅವರು ಚಸ್ಮಾ ಹಾಕಿಕೊಂಡು, ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು, ಮೊದಲಿನಿಂದ ಕೊನೆಯವರೆಗೆ ಓದಿದರು. ಆಮೇಲೆ ಜೇಬಿನಿಂದ ಉಕ್ಕಿನ ಅಳತೆಪಟ್ಟಿ ತೆಗೆದು ಒಂದು ಕಡೆ ಇಟ್ಟು ನೋಡಿದರು. ಕಾಗದವನ್ನು ವಿನಯದಿಂದ, ಎರಡೂ ಕೈಗಳಿಂದ, ನನಗೇ ಹಿಂದಿರುಗಿಸಿದರು.

“ಹದಿನೇಳನೇ ಸಾಲು ಓರಿ ಆಗೈತ್ರಿ ಬಾಯಾರ. ಮತ್ತ ಬರೀರಿ.”